ಫ್ರೆಂಚ್ ಪತ್ರಿಕೆಯ ಮೆಟ್ಟಿಲುಗಳು

(ಫ್ರೆಂಚ್ ಕಲಿಯುವವರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಫ್ರೆಂಚ್ ತರಗತಿಗೆ ಸೇರಿ ಐದಾರು ತಿಂಗಳಾದೊಡನೆ ಅನೇಕರಿಗೆ ಒಂದು ಆಸೆ ಹುಟ್ಟುತ್ತದೆ: ಪ್ಯಾರಿಸ್ಸಿನ ಪತ್ರಿಕೆಯೊಂದನ್ನು ಮೂಲದಲ್ಲೇ ಓದಬೇಕು. 'ಲ ಮೋಂದ್' ಕೈಗೆ ಬರುತ್ತದೆ. ಮೊದಲ ಪ್ಯಾರಾ ಮುಗಿಯುವಷ್ಟರಲ್ಲಿ ನಿಘಂಟನ್ನು ಹತ್ತು ಸಲ ತಿರುವಿದ್ದಾಗುತ್ತದೆ. ಎರಡನೆಯ ಪ್ಯಾರಾಕ್ಕೆ ಉತ್ಸಾಹ ಉಳಿದಿರುವುದಿಲ್ಲ. ಅಡುಗೆ ಕಲಿಯಲು ಹೊರಟವರು ಮೊದಲ ದಿನವೇ ಮದುವೆ ಊಟಕ್ಕೆ ಒಲೆ ಹಚ್ಚಿದಂತೆ ಇದು.

ದಿನಪತ್ರಿಕೆಯ ಎಲ್ಲ ಪುಟಗಳೂ ಒಂದೇ ಮಟ್ಟದ ಭಾಷೆಯಲ್ಲಿ ಇರುವುದಿಲ್ಲ. ಯೂರೋಪ್ ಪರಿಷತ್ತು 2001ರಲ್ಲಿ ಪ್ರಕಟಿಸಿದ ಮಾನದಂಡವು ಭಾಷಾ ಕಲಿಕೆಯನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಾಗಿ ವಿಂಗಡಿಸುತ್ತದೆ. ಈ ಆರೂ ಮೆಟ್ಟಿಲುಗಳು ಒಂದು ದಿನದ ಪತ್ರಿಕೆಯೊಳಗೇ ಸಿಗುತ್ತವೆ ಎಂದರೆ ಹೆಚ್ಚೇನೂ ಉತ್ಪ್ರೇಕ್ಷೆಯಾಗದು.

ತೀರ ಹೊಸಬರಿಗೆ ಹವಾಮಾನದ ಅಂಕಣವೇ ಸಾಕು. ಊರಿನ ಹೆಸರು, ಉಷ್ಣಾಂಶ, ಮೋಡ, ಗಾಳಿ, ಮಳೆ. ಅವೇ ಕೆಲವು ಪದಗಳು ದಿನವೂ ಜಾಗ ಬದಲಿಸಿಕೊಂಡು ಬರುತ್ತವೆ. ಭವಿಷ್ಯತ್ಕಾಲದ ಕ್ರಿಯಾಪದಗಳು ಉರುಹೊಡೆಯದೆಯೇ ಮನಸ್ಸಿನಲ್ಲಿ ಕೂರುತ್ತವೆ. ಆಟದ ಫಲಿತಾಂಶಗಳಲ್ಲಿ ಅಂಕಿಗಳಿವೆ. ಆದರೆ ಅಂಕಿ ಕಣ್ಣಿಗೆ ಸುಲಭ, ನಾಲಗೆಗೆ ಕಷ್ಟ. 97 ಎಂದು ಅಚ್ಚಾದದ್ದನ್ನು ಫ್ರಾನ್ಸಿನವರು 'ನಾಲ್ಕು ಇಪ್ಪತ್ತು ಹದಿನೇಳು' ಎಂದು ಓದುತ್ತಾರೆ. (ಬೆಲ್ಜಿಯಂ, ಸ್ವಿಟ್ಜರ್ಲೆಂಡಿನವರು ತೊಂಬತ್ತಕ್ಕೆ 'ನೊನಾಂತ್' ಎಂಬ ಬೇರೆ ಪದವಿಟ್ಟುಕೊಂಡು ಈ ಲೆಕ್ಕದಿಂದ ಪಾರಾಗಿದ್ದಾರೆ.) ಗಟ್ಟಿಯಾಗಿ ಓದದಿದ್ದರೆ ಈ ಪಾಠ ತಪ್ಪಿಹೋಗುತ್ತದೆ. 3,5 ಎಂದಿದ್ದರೆ ಅದು ಮೂರೂವರೆ. ಅಲ್ಲಿ ದಶಮಾಂಶಕ್ಕೆ ಹಾಕುವುದು ಅಲ್ಪವಿರಾಮವನ್ನು.

ಮಕ್ಕಳ ಪತ್ರಿಕೆ ಓದಲು ದೊಡ್ಡವರು ನಾಚಬೇಕಿಲ್ಲ. 1995ರಲ್ಲಿ ಆರಂಭವಾದ 'ಮೋಂ ಕೊತಿದಿಯಂ' ಹತ್ತು ಹನ್ನೆರಡರ ಪ್ರಾಯದವರಿಗೆಂದೇ ಹೊರಟ ದಿನಪತ್ರಿಕೆ. ಚುನಾವಣೆ, ಯುದ್ಧಗಳ ಸುದ್ದಿಯೂ ಅಲ್ಲಿ ಚಿಕ್ಕ ವಾಕ್ಯಗಳಲ್ಲಿ ಬರುತ್ತದೆ.

ಮುಂದಿನದು ತಲೆಬರಹ ಮತ್ತು ಚುಟುಕು ಸುದ್ದಿ. ಇಲ್ಲಿ ಕನ್ನಡ ಪತ್ರಿಕೆ ಓದಿ ಬೆಳೆದವರಿಗೆ ಒಂದು ಅನುಕೂಲವಿದೆ. ಇಂಗ್ಲಿಷ್ ತಲೆಬರಹ ಸಾಮಾನ್ಯವಾಗಿ ಕ್ರಿಯಾಪದದ ಮೇಲೆ ನಿಲ್ಲುತ್ತದೆ. ಫ್ರೆಂಚ್ ತಲೆಬರಹವಾದರೋ ಅನೇಕ ಸಲ ನಾಮಪದಗಳಲ್ಲೇ ಮುಗಿಯುತ್ತದೆ: 'ಬೆಲೆ ಏರಿಕೆ', 'ಸಚಿವರ ರಾಜೀನಾಮೆ', 'ಇಬ್ಬರ ಬಂಧನ' ಎಂಬಂತೆ. ಕನ್ನಡ ಪತ್ರಿಕೆಗಳ ರೂಢಿಯೂ ಇದೇ ಅಲ್ಲವೆ? ಚುಟುಕು ಸುದ್ದಿಗಂತೂ ಫ್ರೆಂಚರಲ್ಲಿ ಹಳೆಯ ಹೆಸರಿದೆ. ಫೆಲಿಕ್ಸ್ ಫೆನೆಯೊಂ ಎಂಬ ಕಲಾವಿಮರ್ಶಕ 1906ರಲ್ಲಿ 'ಲ ಮತಾಂ' ಪತ್ರಿಕೆಗೆ ಕಳ್ಳತನ, ಅಪಘಾತ, ಕೊಲೆಗಳ ಸುದ್ದಿಯನ್ನು ಮೂರು ಮೂರು ಸಾಲುಗಳಲ್ಲಿ, ತನ್ನ ಹೆಸರು ಹಾಕಿಕೊಳ್ಳದೆ ಬರೆದ. ಅವು ಮುಂದೆ ಪುಸ್ತಕವಾಗಿ, ಸಾಹಿತ್ಯವೆಂದೇ ಓದಿಸಿಕೊಳ್ಳುತ್ತಿವೆ.

ನಡುಮಟ್ಟ ತಲುಪಿದವರಿಗೆ ರೆನ್ ನಗರದಿಂದ ಹೊರಡುವ 'ವೆಸ್ತ್ ಫ್ರಾನ್ಸ್'ನಂಥ ಪ್ರಾಂತೀಯ ಪತ್ರಿಕೆ ಒಳ್ಳೆಯದು. ಶಾಲೆ, ರಸ್ತೆ, ಮೀನುಗಾರಿಕೆ, ಮುಷ್ಕರ ಎಲ್ಲವೂ ಅಲ್ಲಿವೆ. ಮುಷ್ಕರಕ್ಕೆ ಫ್ರೆಂಚಿನಲ್ಲಿ 'ಗ್ರೆವ್' ಎನ್ನುತ್ತಾರೆ. ಮೂಲದಲ್ಲಿ ಅದರ ಅರ್ಥ ಮರಳು, ಜಲ್ಲಿಯ ದಡ. ಪ್ಯಾರಿಸ್ಸಿನಲ್ಲಿ ಸೇನ್ ನದಿಯ ಅಂಥ ದಡವೊಂದರ ಬಯಲಿನಲ್ಲಿ ಕೂಲಿ ಹುಡುಕುವವರು ಬಂದು ಸೇರುತ್ತಿದ್ದರು. ಕೆಲಸ ಬೇಡುತ್ತ ನಿಲ್ಲುವ ಜಾಗದ ಹೆಸರು ಕಾಲಕ್ರಮೇಣ ಕೆಲಸ ನಿಲ್ಲಿಸುವುದಕ್ಕೆ ಅಂಟಿಕೊಂಡಿತು. ಈ ಮಟ್ಟದಲ್ಲೇ ಇಂಗ್ಲಿಷ್ ಬಲ್ಲವರು ಎಡವುವುದು. 'ಆಕ್ತ್ಯುಎಲ್ಮಾಂ' ಎಂಬುದನ್ನು 'ಆ್ಯಕ್ಚುಯಲಿ' ಎಂದು ಓದಿಕೊಳ್ಳುತ್ತಾರೆ; ಅದರ ಅರ್ಥ 'ಸದ್ಯ'.

ಆದರೆ ಎಲ್ಲಕ್ಕಿಂತ ದೊಡ್ಡ ಗುಂಡಿ ಇರುವುದು ಅಪರಾಧ ಸುದ್ದಿಯಲ್ಲಿ. 'ಇಲ್ ಆ ವೊಲೆ' ಎಂದರೆ ಅವನು ಕದ್ದ. 'ಇಲ್ ಓರೆ ವೊಲೆ' ಎಂದರೆ? ಅವಕಾಶ ಸಿಕ್ಕಿದ್ದರೆ ಅವನು ಕದಿಯುತ್ತಿದ್ದ ಎಂಬ ಅರ್ಥವನ್ನೇ ತರಗತಿಯಲ್ಲಿ ಮೊದಲು ಕಲಿಸುವುದು. ಪತ್ರಿಕೆಯಲ್ಲಿ ಅದೇ ರೂಪದ ಅರ್ಥ ಬೇರೆ: ಅವನು ಕದ್ದಿದ್ದಾನೆ ಎನ್ನಲಾಗಿದೆ. ಇದು ಪೊಲೀಸರೋ ಸಾಕ್ಷಿಗಳೋ ಹೇಳಿದ ಮಾತು, ಪತ್ರಿಕೆ ಇದಕ್ಕೆ ಹೊಣೆ ನಿಂತಿಲ್ಲ ಎಂಬ ಸೂಚನೆ ಆ ಒಂದು ಕ್ರಿಯಾರೂಪದಲ್ಲಿದೆ. ಇಂಗ್ಲಿಷಿನ ಮೂಲಕ ಅರ್ಥ ಮಾಡಿಕೊಳ್ಳುವವರು 'ಕದಿಯುತ್ತಿದ್ದ, ಆದರೆ ಕದಿಯಲಿಲ್ಲ' ಎಂದು ತಿಳಿದು ಆರೋಪಿಯನ್ನು ಬಿಡುಗಡೆ ಮಾಡಿಬಿಡುತ್ತಾರೆ. ಅವಸರದ ಓದುಗರು ಆ ಪದವನ್ನೇ ನುಂಗಿ ಅವನನ್ನು ಜೈಲಿಗೆ ಕಳುಹಿಸುತ್ತಾರೆ. ಕನ್ನಡಿಗರಿಗೆ 'ಎನ್ನಲಾಗಿದೆ' ದಿನವೂ ಪತ್ರಿಕೆಯಲ್ಲಿ ಕಾಣುವ ಪದ. ಅದನ್ನು ಇಲ್ಲಿ ತಂದು ಕೂರಿಸಿದರೆ ಕೆಲಸ ಮುಗಿಯಿತು. ಫ್ರೆಂಚಿನ ಈ 'ಓರೆ'ಯನ್ನು ಕನ್ನಡದ ಓರೆ ಎಂದೇ ನೆನಪಿಟ್ಟುಕೊಳ್ಳಬಹುದು. ನೇರವಾಗಿ ಹೇಳದ ಮಾತಲ್ಲವೆ ಅದು!

ಫ್ರಾನ್ಸಿನಲ್ಲಿ ಇದರ ಹಿಂದೆ ಕಾನೂನೂ ಇದೆ. ಅಪರಾಧ ಸಾಬೀತಾಗುವವರೆಗೆ ಯಾರೂ ನಿರಪರಾಧಿಯೇ ಎಂಬ ಹಕ್ಕನ್ನು 1993ರ ಜನವರಿಯ ಕಾಯ್ದೆ ಸಿವಿಲ್ ಸಂಹಿತೆಗೆ ಸೇರಿಸಿತು. ಆರೋಪಿಗೆ ಅದುವರೆಗೆ ಬಳಸುತ್ತಿದ್ದ 'ಆಂಕ್ಯುಲ್ಪೆ' ಎಂಬ ಪದವನ್ನೂ ಅದೇ ಕಾಯ್ದೆ ತೆಗೆದುಹಾಕಿತು; ತಪ್ಪು ಎಂಬರ್ಥದ ಲ್ಯಾಟಿನ್ ಬೇರು ಆ ಪದದೊಳಗೇ ಕುಳಿತಿತ್ತು. ಅದರ ಜಾಗಕ್ಕೆ ಬಂದದ್ದು 'ಮಿಜಾನೆಗ್ಜಾಮಂ', ಅಂದರೆ ತನಿಖಾ ನ್ಯಾಯಾಧೀಶರು ವಿಧಿಪೂರ್ವಕ ತನಿಖೆಗೆ ಒಳಪಡಿಸಿದವನು. ಹೊಸಬರು ಅದರೊಳಗಿನ 'ಎಗ್ಜಾಮಂ' ಕಂಡು, ಯಾರೋ ಮಾಜಿ ಸಚಿವರು ಪರೀಕ್ಷೆಗೆ ಕುಳಿತಿದ್ದಾರೆಂದು ತಿಳಿದರೆ ನಗಬಾರದು.

ಇಷ್ಟಾದ ಮೇಲೆ 'ಲ ಮೋಂದ್'. 1944ರ ಡಿಸೆಂಬರಿನಲ್ಲಿ ಹುಟ್ಟಿದ ಈ ಪತ್ರಿಕೆ ಪ್ಯಾರಿಸ್ಸಿನಲ್ಲಿ ಮಧ್ಯಾಹ್ನ ಮಾರಾಟಕ್ಕೆ ಬರುತ್ತದೆ, ಮೇಲೆ ಮರುದಿನದ ತಾರೀಖು ಹೊತ್ತು. ಗಣ್ಯರು ತೀರಿಕೊಂಡಾಗ ಬರುವ ಅದರ ದೀರ್ಘ ಬರಹಗಳಲ್ಲಿ, ಮಾತಿನಲ್ಲಿ ಕೇಳಿಬರದ ಭೂತಕಾಲವೊಂದು ಇಣುಕುತ್ತದೆ. 'ಇದ್ದ' ಎಂಬುದಕ್ಕೆ 'ಫ್ಯು', 'ಹುಟ್ಟಿದ' ಎಂಬುದಕ್ಕೆ 'ನಕಿ'. ಇವನ್ನು ಆಡಲು ಕಲಿಯಬೇಕಿಲ್ಲ, ಗುರುತಿಸಿದರೆ ಸಾಕು.

ಕೊನೆಯ ಮೆಟ್ಟಿಲು ವ್ಯಂಗ್ಯದ ವಾರಪತ್ರಿಕೆ 'ಲ ಕನಾರ್ ಆಂಶೆನೆ', 'ಸಂಕೋಲೆ ತೊಟ್ಟ ಬಾತುಕೋಳಿ'. ಬಾತುಕೋಳಿ ಏಕೆ? 'ಕನಾರ್' ಎಂದರೆ ಆಡುಮಾತಿನಲ್ಲಿ ಪತ್ರಿಕೆ. ಗಾಳಿಸುದ್ದಿ ಎಂದೂ ಹೌದು. ಸಂಕೋಲೆ ಏಕೆ? ಜಾರ್ಜ್ ಕ್ಲೆಮಾಂಸೊ 1913ರಲ್ಲಿ 'ಸ್ವತಂತ್ರ ಮನುಷ್ಯ' ಎಂಬ ಪತ್ರಿಕೆ ತೆಗೆದಿದ್ದರು. ಮಹಾಯುದ್ಧ ಆರಂಭವಾಗಿ 1914ರಲ್ಲಿ ಸರ್ಕಾರದ ಕತ್ತರಿ ಬಿದ್ದಾಗ ಅದರ ಹೆಸರನ್ನೇ 'ಸಂಕೋಲೆ ತೊಟ್ಟ ಮನುಷ್ಯ' ಎಂದು ಬದಲಿಸಿದರು. ಮರುವರ್ಷ ಹುಟ್ಟಿದ ಬಾತುಕೋಳಿ ಆ ಹೆಸರನ್ನೇ ಅಣಕಿಸಿತು. ಪತ್ರಿಕೆಯ ಹೆಸರಿಗೇ ಇಷ್ಟು ಟಿಪ್ಪಣಿ ಬೇಕೆಂದ ಮೇಲೆ ಒಳಪುಟಗಳ ಶ್ಲೇಷೆಗಳ ಪಾಡೇನು? ಬುಧವಾರ ಅದನ್ನು ಕೈಗೆತ್ತಿಕೊಳ್ಳುವವರು ಹಿಂದಿನ ಏಳೂ ದಿನದ ಸುದ್ದಿಯನ್ನು ಬೇರೆ ಪತ್ರಿಕೆಗಳಲ್ಲಿ ಓದಿರಬೇಕಾಗುತ್ತದೆ.