ಮನೆಯಲ್ಲಿ ಗೋವಿನಜೋಳದ ವಡೆ
(ದೊಡವಾಡದ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಿಮ್ಮೆದುರು ಗೋವಿನಜೋಳದ ವಡೆಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ವಡೆ ಕರಿಯುವದನ್ನು ದೊಡವಾಡದ ಹೆಣ್ಣುಮಕ್ಕಳಿಗೆ ಕಲಿಸಬೇಕೇ ಎಂದು ನೀವು ನಗಬಹುದು. ಬಿಳಿಜೋಳದ ವಡೆಯನ್ನು ನಿಮ್ಮ ಅತ್ತೆಯಂದಿರು ಮಾಡುತ್ತಿದ್ದರು, ನೀವೂ ಮಾಡುತ್ತೀರಿ. ಗೋವಿನಜೋಳದ ಸಂಗತಿ ಮಾತ್ರ ಬೇರೆ. ಹೊಲದಲ್ಲಿ ಅದನ್ನು ಎಕರೆಗಟ್ಟಲೆ ಬೆಳೆಯುತ್ತೇವೆ. ಅಡಿಗೆಮನೆಯಲ್ಲಿ ಒಂದು ಸೇರು ಹುಡುಕಿದರೆ ಸಿಗುವದಿಲ್ಲ. ಕಣದಿಂದಲೇ ಚೀಲ ತುಂಬಿ ಪೇಟೆಗೆ ಹೋಗುವದು. ಅಲ್ಲಿಂದ ಕೋಳಿಯ ಆಹಾರಕ್ಕೆ, ಪಿಷ್ಟದ ಕಾರಖಾನೆಗೆ, ಈಚೆಗೆ ಇಥೆನಾಲ್ ತಯಾರಿಸುವಲ್ಲಿಗೆ ಸಾಗುವದು. ಅದೇ ಕಾಳಿನ ಹಿಟ್ಟನ್ನು ಉಬ್ಬಿಸಿ, ಮಸಾಲೆ ಹಚ್ಚಿ, ಬಣ್ಣದ ಪೊಟ್ಟಣದಲ್ಲಿ ತುಂಬಿ ನಮ್ಮ ಓಣಿಯ ಅಂಗಡಿಗೆ ತಂದಾಗ, ಅಳುವ ಮಗುವಿನ ಕೈಯಲ್ಲಿ ಹತ್ತು ರೂಪಾಯಿ ಕೊಟ್ಟು ಕೊಂಡು ತರಿಸುತ್ತೇವೆ.

ಲೆಕ್ಕ ಒಂದಿಷ್ಟು ನೋಡೋಣ. 2025-26ರ ಹಂಗಾಮಿಗೆ ಕೇಂದ್ರ ಸರಕಾರವು ಗೋವಿನಜೋಳಕ್ಕೆ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಎಂದರೆ ಕಿಲೋಕ್ಕೆ 24 ರೂಪಾಯಿ. ಪೇಟೆಯಲ್ಲಿ ಅಷ್ಟೂ ಕೈಗೆ ಬಾರದೆ ರೈತರು ತಲೆಯ ಮೇಲೆ ಕೈಹೊತ್ತು ಕುಳಿತದ್ದುಂಟು. ಇನ್ನು ಆ ಹತ್ತು ರೂಪಾಯಿಯ ಪೊಟ್ಟಣವನ್ನು ತಿರುವಿ, ಅದರ ಮೇಲೆ ಅಚ್ಚಾದ ತೂಕವನ್ನು ನೋಡಿರಿ. ಕಿಲೋಕ್ಕೆ ಎಷ್ಟು ಬಿತ್ತೆಂದು ಶಾಲೆಗೆ ಹೋಗುವ ಮಗನೋ ಮಗಳೋ ಗುಣಿಸಿ ಹೇಳಲಿ. ಅದೂ ಒಂದು ಪಾಠವೇ. ಬೆಳೆ ಮಾರಬೇಡಿರಿ ಎಂದು ನಾನು ಹೇಳುವದಿಲ್ಲ. ಸಾಲ, ಗೊಬ್ಬರ, ಬೀಜದ ಬಾಕಿ ಇದ್ದವರು ಮಾರಲೇಬೇಕು. ಮನೆಗೆಂದು ಇಪ್ಪತ್ತೈದು ಕಿಲೋ ಚಲೋ ಕಾಳು ಮೊದಲೇ ತೆಗೆದಿಡಿರಿ, ಉಳಿದದ್ದು ಪೇಟೆಗೆ ಹೋಗಲಿ ಎನ್ನುತ್ತೇನೆ.

ಹೆಸರಿನಲ್ಲಿ ಗೋವು ಇರುವದರಿಂದಲೋ ಏನೋ, ಇದು ದನ ತಿನ್ನುವ ಕಾಳು ಎಂಬ ಸಂಕೋಚ ಕೆಲವರಲ್ಲಿದೆ. ಈ ಧಾನ್ಯದ ತವರು ಅಮೇರಿಕ ಖಂಡದ ಮೆಕ್ಸಿಕೋ ದೇಶ. ನಮಗೆ ಜೋಳದ ರೊಟ್ಟಿ ಹೇಗೋ ಅಲ್ಲಿಯವರಿಗೆ ಇದರ ರೊಟ್ಟಿ ಹಾಗೆ. ಪಂಜಾಬದಲ್ಲಿ ಚಳಿಗಾಲ ಬಂದರೆ ಸಾಸಿವೆ ಸೊಪ್ಪಿನ ಪಲ್ಯದೊಡನೆ ಇದರ ರೊಟ್ಟಿಯನ್ನು ಅತಿಥಿಗಳಿಗೂ ಬಡಿಸುತ್ತಾರೆ. ನಮ್ಮಲ್ಲಿಯೂ ಇದರ ನುಚ್ಚು ಮಾಡಿ ಮಜ್ಜಿಗೆ ಕಲಿಸಿ ಉಂಡ ಹಿರಿಯರಿದ್ದಾರೆ. ಸಂಕೋಚಕ್ಕೆ ಕಾರಣವಿಲ್ಲ. ಎಚ್ಚರಿಕೆಗೆ ಮಾತ್ರ ಕಾರಣವಿದೆ. ಅದನ್ನು ಮೊದಲು ಹೇಳಿ ಆಮೇಲೆ ಒಲೆಯ ಕಡೆಗೆ ಬರುತ್ತೇನೆ.

ಮುಂಗಾರಿ ಗೋವಿನಜೋಳ ಕೈಗೆ ಬರುವದು ಚಿತ್ತಿ, ಸ್ವಾತಿ ಮಳೆಗಳ ಹೊತ್ತಿಗೆ. ತೆನೆ ಮುರಿದು ರಾಶಿ ಹಾಕಿದಾಗಲೇ ಮೋಡ ಕವಿಯುವದುಂಟು. ಆಗ ಅವಸರದಿಂದ ತಾಡಪತ್ರಿ ಹೊದಿಸಿ ಎರಡು ಮೂರು ದಿನ ಹಾಗೆಯೇ ಬಿಡುತ್ತೇವೆ. ಒಳಗೆ ಕಾವು ಏರಿ ಕಾಳಿಗೆ ಬೂಷ್ಟು ಹಿಡಿಯುವದು. ಹಳದಿ ಕೂಡಿದ ಹಸಿರು ಬಣ್ಣದ ಒಂದು ಬಗೆಯ ಬೂಷ್ಟು ಕಾಳಿನೊಳಗೆ ವಿಷವನ್ನು ಬಿಡುತ್ತದೆ. ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. 1974ರಲ್ಲಿ ರಾಜಸ್ಥಾನದ ಬಾನ್ಸವಾಡಾ ಮತ್ತು ಗುಜರಾತದ ಪಂಚಮಹಲ ಜಿಲ್ಲೆಗಳ ಹಳ್ಳಿಗಳಲ್ಲಿ, ಮಳೆಯಲ್ಲಿ ನೆನೆದು ಬೂಷ್ಟು ಹಿಡಿದ ಗೋವಿನಜೋಳವನ್ನೇ ಉಂಡು ಜನರಿಗೆ ಕಾಮಣಿ ಆಯಿತು, ಹೊಟ್ಟೆಯಲ್ಲಿ ನೀರು ತುಂಬಿತು. ನೂರಕ್ಕೂ ಮೇಲ್ಪಟ್ಟು ಜನರು ತೀರಿಕೊಂಡರು. ಅದೇ ಅನ್ನ ತಿಂದ ನಾಯಿಗಳೂ ಸತ್ತವು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಶೋಧಿಸಿ ಕಾರಣವನ್ನು ಕಂಡುಹಿಡಿದರು. ಆ ಜನರೂ ನಮ್ಮಂತೆಯೇ ತಮ್ಮ ಹೊಲದ ಕಾಳನ್ನೇ ಉಂಡವರು. ಬೇರೆ ಕಾಳು ಕೊಳ್ಳುವ ಶಕ್ತಿ ಅವರಿಗಿರಲಿಲ್ಲ.

ಈ ವಿಷ ತೊಳೆದರೆ ಹೋಗುವದಿಲ್ಲ, ಬೇಯಿಸಿದರೆ ಹೋಗುವದಿಲ್ಲ. ಕಾದ ಎಣ್ಣೆಯಲ್ಲಿ ಕರಿದರೂ ಪೂರ್ತಿ ನಾಶವಾಗುವದಿಲ್ಲ. ಆದ್ದರಿಂದ ಕಾಳು ಆರಿಸುವದೇ ಇದಕ್ಕೆ ಉಪಾಯ. ಬೂಷ್ಟು ಹತ್ತಿದ, ಕಪ್ಪಾದ, ಸುಕ್ಕಾದ, ಹುಳು ಕೊರೆದ ಕಾಳುಗಳನ್ನು ಮೊರದಲ್ಲಿ ಹಾಕಿಕೊಂಡು ಒಂದೊಂದಾಗಿ ತೆಗೆಯಿರಿ. ಬಹಳಷ್ಟು ಬೂಷ್ಟು ಕಂಡರೆ ಆ ಚೀಲವನ್ನು ಊಟಕ್ಕೆ ಮುಟ್ಟಲೇಬೇಡಿರಿ. ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಆರಿಸಿ ತೆಗೆದ ಕೆಟ್ಟ ಕಾಳನ್ನು 'ಹಾಳಾಗುವದೇಕೆ, ಎಮ್ಮೆ ತಿನ್ನಲಿ' ಎಂದು ಗ್ವಾದಲಿಗೆ ಸುರಿಯುವದು ನಮ್ಮ ರೂಢಿ. ಎಮ್ಮೆ ತಿಂದ ಆ ವಿಷದ ಅಂಶವು ಹಾಲಿನಲ್ಲಿ ಇಳಿದು ಬರುವದು, ಆ ಹಾಲು ಕೂಸಿನ ಬಟ್ಟಲಿಗೆ ಬರುವದು. ಕೆಟ್ಟ ಕಾಳನ್ನು ಸುಟ್ಟುಬಿಡಿರಿ, ಇಲ್ಲವೇ ದೂರ ಹುಗಿಯಿರಿ.

ಮನೆಯ ಕಾಳನ್ನು ನಾಲ್ಕು ಬಿಸಿಲು ಚೆನ್ನಾಗಿ ಒಣಗಿಸಿರಿ. ಹಲ್ಲಿನಲ್ಲಿ ಕಚ್ಚಿದರೆ ಕಟಕ್ಕನೆ ಒಡೆಯಬೇಕು. ಹಲ್ಲು ಊರಿದರೆ ಇನ್ನೂ ಹಸಿ ಇದೆಯೆಂದು ತಿಳಿಯಿರಿ. ಚೀಲವನ್ನು ನೆಲಕ್ಕೆ, ಗೋಡೆಗೆ ತಾಗದಂತೆ ಹಲಗೆಯ ಮೇಲೆ ಇಡಿರಿ. ಉಣ್ಣುವ ಕಾಳಿನಲ್ಲಿ, ಮಲಗುವ ಮನೆಯಲ್ಲಿ, ವಿಷದ ಗುಳಿಗೆ ಇಡಬೇಡಿರಿ. ಬಿತ್ತಿ ಉಳಿದ ಸಂಕರ ತಳಿಯ ಬೀಜ, ಬಣ್ಣ ಹಚ್ಚಿದ್ದು, ಎಷ್ಟೇ ತೊಳೆದರೂ ಅಡಿಗೆಗೆ ಬಾರದು. ಅದಕ್ಕೆ ಔಷಧ ಲೇಪಿಸಿರುತ್ತಾರೆ. ಕೋಳಿಗೂ ಅದನ್ನು ಚೆಲ್ಲಬಾರದು.

ಇನ್ನು ಗಿರಣಿ. ಗೋವಿನಜೋಳದ ಮೊಳಕೆಯ ಭಾಗದಲ್ಲಿ ಎಣ್ಣೆಯ ಅಂಶವಿದೆ. ಆದ್ದರಿಂದ ಹಿಟ್ಟು ಬೇಗ ಮುಗ್ಗಲು ವಾಸನೆ ಹಿಡಿದು ಕಹಿಯಾಗುವದು. ಎರಡು ಕಿಲೋದಷ್ಟೇ ಬೀಸಿಸಿ ಹದಿನೈದು ದಿನದೊಳಗೆ ಮುಗಿಸಿರಿ. ರೊಟ್ಟಿಯ ಹಿಟ್ಟಿಗಿಂತ ತುಸು ಉರುಟಾಗಿ ಬೀಸಲು ಹೇಳಿರಿ; ವಡೆ ಗರಿಗರಿಯಾಗುವದು ಆ ಉರುಟಿನಿಂದಲೇ. ಸಾಣಿಗೆಯಲ್ಲಿ ಉಳಿದ ರವೆ ನುಚ್ಚಿಗೆ ಆಗುವದು. ಅಂಗಡಿಯಲ್ಲಿ 'ಕಾರ್ನ್‌ಫ್ಲೋರ್' ಎಂದು ಮಾರುವ ಬೆಳ್ಳಗಿನ ಪುಡಿ ಈ ಹಿಟ್ಟಲ್ಲ. ಅದು ಕಾಳಿನಿಂದ ತೆಗೆದ ಬರೀ ಪಿಷ್ಟ. ಅದರಿಂದ ಈ ವಡೆ ಆಗದು.

ವಡೆಗೆ ಕಡಲೆ ಹಿಟ್ಟು ಕೂಡಿಸಿರಿ ಎಂದು ಹೇಳಲಿದ್ದೇನೆ. ಅದು ರುಚಿಗಷ್ಟೇ ಅಲ್ಲ. ನೂರು ಗ್ರಾಂ ಗೋವಿನಜೋಳದಲ್ಲಿ ಸುಮಾರು 9 ಗ್ರಾಂ ಪ್ರೋಟೀನು ಇದೆ. ಆದರೆ ಮೈ ಬೆಳೆಯಲು ಬೇಕಾದ ಲೈಸಿನ್, ಟ್ರಿಪ್ಟೊಫ್ಯಾನ್ ಎಂಬ ಎರಡು ಅಂಶ ಅದರಲ್ಲಿ ಕಡಿಮೆ. ನಯಾಸಿನ್ ಎಂಬ ಜೀವಸತ್ವ ಇದ್ದರೂ ನಮ್ಮ ಹೊಟ್ಟೆಗೆ ಬಿಟ್ಟುಕೊಡದಂತೆ ಬಿಗಿಯಾಗಿ ಕೂಡಿಕೊಂಡಿದೆ. ಮೆಕ್ಸಿಕೋದ ಹೆಂಗಸರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಅರೆಯುತ್ತಿದ್ದರು. ಅದರಿಂದ ಆ ಬಿಗಿ ಸಡಿಲಾಗುತ್ತಿತ್ತು. ಯುರೋಪಿನವರು ಬೀಜವನ್ನು ಒಯ್ದರು, ಸುಣ್ಣದ ಉಪಾಯವನ್ನು ಒಯ್ಯಲಿಲ್ಲ. ಇಟಲಿಯ ಬಡ ರೈತರು, ಮುಂದೆ ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅಮೇರಿಕದ ದಕ್ಷಿಣ ಭಾಗದ ಬಡವರು, ಇದೊಂದನ್ನೇ ತಿಂದು ಪೆಲಾಗ್ರ ಎಂಬ ರೋಗಕ್ಕೆ ಬಲಿಯಾದರು. ಬಿಸಿಲು ತಾಗಿದ ಚರ್ಮ ಕಪ್ಪಾಗಿ ಒಡೆಯುವದು, ಹೊಟ್ಟೆ ಕೆಡುವದು, ಕಡೆಗೆ ಬುದ್ಧಿ ಭ್ರಮೆಯಾಗುವದು. ಬೇಳೆ, ಹಾಲು, ಸೊಪ್ಪು ಕಾಣದೆ ಬರೀ ಬಿಳಿಜೋಳವನ್ನೇ ಉಂಡ ನಮ್ಮ ದಖನ್ ಸೀಮೆಯ ಬಡವರಲ್ಲಿಯೂ ಈ ರೋಗವಿತ್ತು. ನಮಗೆ ಸುಣ್ಣದ ಖಟ್ಲೆ ಬೇಡ. ಅದು ಎಲೆಯಡಿಕೆಯ ಚೀಲದಲ್ಲಿಯೇ ಇರಲಿ. ಕಡಲೆ ನಮ್ಮ ಎರೆ ಹೊಲದಲ್ಲಿಯೇ ಬೆಳೆಯುವದು. ಅದರ ಬೇಳೆಯಲ್ಲಿ ನೂರಕ್ಕೆ ಸುಮಾರು 21 ಗ್ರಾಂ ಪ್ರೋಟೀನು ಇದೆ. ಗೋವಿನಜೋಳಕ್ಕೆ ಕಡಿಮೆ ಬಿದ್ದ ಲೈಸಿನ್ ಇದರಲ್ಲಿ ಧಾರಾಳ. ಜೊತೆಗೆ ಒಂದು ಬಟ್ಟಲು ಮೊಸರು, ಒಂದು ಹಿಡಿ ಮೆಂತೆ ಪಲ್ಯ ಇದ್ದರೆ ಚಿಂತೆಯಿಲ್ಲ.

ಈಗ ಮಾಡುವ ರೀತಿ. ಆರು ಮಂದಿಯ ಊಟದಲ್ಲಿ ಹಚ್ಚಿಕೊಳ್ಳಲು ಮೂರು ಬಟ್ಟಲು ಗೋವಿನಜೋಳದ ಹಿಟ್ಟು, ಒಂದು ಬಟ್ಟಲು ಕಡಲೆ ಹಿಟ್ಟು ಸಾಕು. ಎರಡು ಉಳ್ಳಾಗಡ್ಡಿ, ಐದಾರು ಹಸಿಮೆಣಸಿನಕಾಯಿ, ಏಳೆಂಟು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಅಜವಾನ, ಎರಡು ಚಮಚ ಎಳ್ಳು, ಚಿಟಿಕೆ ಅರಿಷಿಣ, ಕೊತಂಬರಿ, ಉಪ್ಪು ಬೇಕು. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆಗಳನ್ನು ಕಲ್ಲಿನಲ್ಲಿ ಕುಟ್ಟಿಕೊಳ್ಳಿರಿ.

ಗೋಧಿಯ ಹಿಟ್ಟಿಗೆ ಇರುವ ಜಿಗುಟು ಗೋವಿನಜೋಳದ ಹಿಟ್ಟಿಗೆ ಇಲ್ಲ. ತಣ್ಣೀರಿನಲ್ಲಿ ಕಲಿಸಿ ತಟ್ಟಿದರೆ ಅಂಚು ಬಿರಿಯುವದು, ಎಣ್ಣೆಗೆ ಬಿಟ್ಟರೆ ಪುಡಿಯಾಗುವದು. 'ನಮ್ಮ ಮನೆಯಲ್ಲಿ ಇದು ಕೂಡಿಬರುವದಿಲ್ಲ' ಎಂದು ಕೈಬಿಟ್ಟವರೆಲ್ಲ ಸಾಮಾನ್ಯವಾಗಿ ಇಲ್ಲಿಯೇ ಸೋತವರು. ಉಪಾಯ ನಿಮಗೆ ಗೊತ್ತಿದ್ದದ್ದೇ. ಜೋಳದ ರೊಟ್ಟಿಗೆ ಎಸರು ಹಾಕುವದಿಲ್ಲವೇ? ಹಾಗೆಯೇ ಮಾಡಿರಿ. ಒಂದೂವರೆ ಬಟ್ಟಲು ನೀರನ್ನು ಉಪ್ಪು ಹಾಕಿ ಕುದಿಸಿರಿ. ಪರಾತದಲ್ಲಿ ಗೋವಿನಜೋಳದ ಹಿಟ್ಟನ್ನಷ್ಟೇ ಹಾಕಿ, ಕುದಿಯುವ ಎಸರನ್ನು ಸುತ್ತಲೂ ಸುರಿದು, ಸೌಟಿನ ಹಿಡಿಕೆಯಿಂದ ತಿರುವಿರಿ. ಒಣ ಹಿಟ್ಟು ಉಳಿದಿದ್ದರೆ ಇನ್ನಷ್ಟು ಎಸರು ಚಿಮುಕಿಸಿ, ತಟ್ಟೆ ಮುಚ್ಚಿ ಅರ್ಧ ತಾಸು ಬಿಡಿರಿ. ಉರುಟು ಹಿಟ್ಟು ಬಿಸಿನೀರು ಕುಡಿದು ಅರಳುವದು, ಕೈಗೆ ಅಂಟು ಬರುವದು. ಅವಸರದ ಮನೆಯವರು ಈ ಅರ್ಧ ತಾಸನ್ನು ಉಳಿಸಹೋಗಿ ವಡೆಯನ್ನು ಕೆಡಿಸುತ್ತಾರೆ.

ಹಿಟ್ಟು ಕೈ ತಾಳುವಷ್ಟು ಆರಿದ ಮೇಲೆ ಕಡಲೆ ಹಿಟ್ಟು, ಕುಟ್ಟಿದ ಖಾರ, ಎಳ್ಳು, ಅಜವಾನ, ಅರಿಷಿಣ, ಒಂದು ಚಮಚ ಬಿಸಿ ಎಣ್ಣೆ ಹಾಕಿ ಮಿದಿಯಿರಿ. ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಕೊತಂಬರಿಗಳನ್ನು ಎಲ್ಲಕ್ಕೂ ಕಡೆಗೆ ಸೇರಿಸಿರಿ. ಉಪ್ಪು ತಾಗಿದ ಉಳ್ಳಾಗಡ್ಡಿ ನೀರು ಬಿಡುವದರಿಂದ ಮೊದಲೇ ಹಾಕಿದರೆ ಹಿಟ್ಟು ಸಡಿಲಾಗುವದು. ಸೋಡಾ ಹಾಕಬೇಡಿರಿ. ಅದರಿಂದ ವಡೆ ಹಗುರಾಗುವದು ನಿಜ, ಆದರೆ ಎಣ್ಣೆಯನ್ನು ಬಹಳ ಕುಡಿಯುವದು.

ನಿಂಬೆಹಣ್ಣಿನಷ್ಟು ಉಂಡೆ ಮಾಡಿ, ಒದ್ದೆ ಅರಿವೆಯ ಮೇಲಿಟ್ಟು ತಟ್ಟಿರಿ. ರೊಟ್ಟಿಗಿಂತ ದಪ್ಪ, ಕಿರುಬೆರಳಿಗಿಂತ ತೆಳು ಇರಲಿ. ಅಂಚು ಬಿರಿದರೆ ಕೈಗೆ ನೀರು ಹಚ್ಚಿಕೊಂಡು ಸವರಿರಿ. ನಡುವೆ ಬೆರಳಿನಿಂದ ಒಂದು ತೂತು ಮಾಡಿರಿ. ಈ ತೂತು ಅಂದಕ್ಕೆ ಮಾಡಿದ್ದಲ್ಲ: ದಪ್ಪ ವಡೆಯೊಳಗೆ ಉಗಿ ಸಿಕ್ಕಿಕೊಂಡರೆ ಅದು ಸಿಡಿದು ಎಣ್ಣೆ ಮೈಮೇಲೆ ಹಾರುವ ಭಯವುಂಟು. ಕರಿಯುವಾಗ ಸಣ್ಣ ಮಕ್ಕಳನ್ನು ಒಲೆಯ ಹತ್ತಿರ ಸುಳಿಯಗೊಡಬೇಡಿರಿ.

ಕಡಾಯಿಯಲ್ಲಿ ಶೇಂಗಾ ಎಣ್ಣೆಯಾಗಲಿ ಕುಸುಬಿ ಎಣ್ಣೆಯಾಗಲಿ ಕಾಯಿಸಿ, ಕಡಲೆಯಷ್ಟು ಹಿಟ್ಟು ಬಿಟ್ಟು ನೋಡಿರಿ. ತಳಕ್ಕೆ ಹೋಗಿ ಗುಳ್ಳೆಯೊಡನೆ ಮೇಲೆ ಎದ್ದರೆ ಹದ. ತಳದಲ್ಲಿಯೇ ಕುಳಿತರೆ ಎಣ್ಣೆ ಕಾದಿಲ್ಲ; ಆಗ ಬಿಟ್ಟ ವಡೆ ಎಣ್ಣೆಯ ಮುದ್ದೆಯಾಗುವದು. ಬಿಟ್ಟ ಕೂಡಲೆ ಕಪ್ಪಾದರೆ ಹೊರಗೆ ಕರಕಲು, ಒಳಗೆ ಹಸಿ. ನಡುವಿನ ಉರಿಯಲ್ಲಿ ನಾಲ್ಕೈದು ವಡೆಗಳನ್ನಷ್ಟೇ ಬಿಟ್ಟು, ಒಂದು ಬದಿ ಗಟ್ಟಿಯಾಗುವವರೆಗೆ ಸೌಟು ಮುಟ್ಟಿಸದೆ, ಆಮೇಲೆ ತಿರುವಿ ಹಾಕಿರಿ. ನಾಲ್ಕೈದು ಮಿನಿಟಿನಲ್ಲಿ ಹೊಂಬಣ್ಣ ಬಂದು ಗುಳ್ಳೆ ಕಡಿಮೆಯಾಗುವದು. ಆಗ ತೆಗೆಯಿರಿ. ಉಳಿದ ಎಣ್ಣೆಯ ತಳದಲ್ಲಿ ಸುಟ್ಟ ರವೆ ಕೂಡುವದರಿಂದ ಆರಿದ ಮೇಲೆ ಅರಿವೆಯಲ್ಲಿ ಸೋಸಿ, ಎರಡು ದಿನದೊಳಗೆ ಒಗ್ಗರಣೆಗೆ ತೀರಿಸಿರಿ. ಕಪ್ಪಾಗಿ ನೊರೆಯೇಳುವ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿಯುವದು ಜತ್ರೆಯ ಅಂಗಡಿಯವರ ರೂಢಿ, ಮನೆಗೆ ಅದು ಬೇಡ.

ಊಟದಲ್ಲಿ ಒಬ್ಬರಿಗೆ ಎರಡು, ಮೂರು ವಡೆ ಸಾಕು. ರೊಟ್ಟಿ, ಹೆಸರುಕಾಳಿನ ಪಲ್ಯ, ಕಟ್ಟಿನ ಸಾರುಗಳ ಬದಿಗೆ ಇದು ಚೆನ್ನಾಗಿ ಒಪ್ಪುವದು. ಗಟ್ಟಿ ಮೊಸರು ಇಲ್ಲವೇ ರಂಜಕ ಹಚ್ಚಿಕೊಂಡರೆ ಇನ್ನೂ ಲೇಸು. ಕರಿದ ಪದಾರ್ಥ ವಾರಕ್ಕೊಮ್ಮೆ ಇರಲಿ. ಸಕ್ಕರೆ ರೋಗ, ಎದೆಯ ಬೇನೆ ಇದ್ದ ಹಿರಿಯರು ಮನೆಯಲ್ಲಿದ್ದರೆ ಇದೇ ಹಿಟ್ಟನ್ನು ಕಾದ ಹಂಚಿನ ಮೇಲೆ ತೆಳ್ಳಗೆ ತಟ್ಟಿ, ಅರ್ಧ ಚಮಚ ಎಣ್ಣೆಯಲ್ಲಿ ತಾಲಿಪಟ್ಟಿನಂತೆ ಬೇಯಿಸಿ ಕೊಡಿರಿ.

ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಬುತ್ತಿ ಕಟ್ಟುವವರು ಉಳ್ಳಾಗಡ್ಡಿ, ಕೊತಂಬರಿ ಹಾಕದೆ, ಇನ್ನಷ್ಟು ತೆಳ್ಳಗೆ ತಟ್ಟಿ, ಸಣ್ಣ ಉರಿಯಲ್ಲಿ ನೀರಿನ ಅಂಶ ಹೋಗುವಂತೆ ಕರಿಯಿರಿ. ಹಾಗೆ ಮಾಡಿದ್ದು ಎರಡು ಮೂರು ದಿನ ತಾಳುವದು. ಪೂರ್ತಿ ಆರಿದ ಮೇಲೆಯೇ ಅರಿವೆಯಲ್ಲಿ ಕಟ್ಟಿರಿ; ಬಿಸಿಯಿದ್ದಾಗ ಡಬ್ಬಿಯಲ್ಲಿ ಮುಚ್ಚಿದರೆ ಬೆವರಿ ಮೆತ್ತಗಾಗುವದು.