ರಸ್ತೆಯ ನೀರು ಎಷ್ಟಕ್ಕೆ ಹೆಪ್ಪುಗಟ್ಟುತ್ತದೆ?



ಏಪ್ರಿಲ್ ತಿಂಗಳ ಈ ಸೆಖೆಯಲ್ಲಿ ಹಿಮ ಬೀಳುವ ರಸ್ತೆಯ ಬಗ್ಗೆ ಮಾತಾಡಲು ನಿಂತವನನ್ನು ಕಂಡು ನಿಮಗೆ ನಗು ಬಂದರೆ ತಪ್ಪಲ್ಲ. ಆಹ್ವಾನ ಪತ್ರಿಕೆ ಓದಿದ ನನ್ನ ಹೆಂಡತಿಯೇ, "ಫ್ಯಾನಿನ ಕೆಳಗೆ ಬೆವರುತ್ತಾ ಕೂತವರಿಗೆ ಇದು ಯಾಕ್ರೀ?" ಎಂದಳು. ಯಾರ ಮನೆಯವರು ಈ ದತ್ತಿಯನ್ನು ಸ್ಥಾಪಿಸಿದರೋ ಆ ನಮ್ಮ ಮೇಷ್ಟ್ರೇ ಇದಕ್ಕೆ ಕಾರಣ. ನಾವು ಪಿ.ಯು.ಸಿ.ಯಲ್ಲಿದ್ದಾಗ ಅವರು ನಮ್ಮನ್ನು ಮಲ್ಪೆಯ ಒಂದು ಐಸ್ ಪ್ಲಾಂಟಿಗೆ ಕರೆದುಕೊಂಡು ಹೋಗಿದ್ದರು. ಮೀನಿಗೆ ಹಾಕುವ ಐಸ್ ತಯಾರಾಗುವ ಜಾಗ. ಕಾಲಡಿಯ ಹಲಗೆ ಎತ್ತಿದರೆ ಕೆಳಗೆ ದೊಡ್ಡ ತೊಟ್ಟಿ. ತೊಟ್ಟಿಯ ತುಂಬ ಉಪ್ಪುನೀರು, ಅದರಲ್ಲಿ ಸಾಲಾಗಿ ಇಳಿಬಿಟ್ಟ ತಗಡಿನ ಡಬ್ಬಿಗಳು, ಡಬ್ಬಿಗಳ ಒಳಗೆ ಸಿಹಿನೀರು. ಒಳಗಿನದು ಕಲ್ಲಾಗಿತ್ತು. ಹೊರಗಿನದು ಅದಕ್ಕಿಂತ ತಣ್ಣಗಿದ್ದರೂ ತುಳುಕುತ್ತಿತ್ತು.

"ಈ ಉಪ್ಪುನೀರು ಎಷ್ಟಕ್ಕೆ ಹೆಪ್ಪುಗಟ್ಟುತ್ತದೆ? ಹೇಗೆ ಕಂಡುಹಿಡಿಯುತ್ತೀರಿ?" ಎಂದು ಮೇಷ್ಟ್ರು ಕೇಳಿದರು. ನಾವು ಯಾರೂ ಬಾಯಿ ಬಿಡಲಿಲ್ಲ. ಅಲ್ಲಿದ್ದ ಕೆಲಸಗಾರ ಒಂದು ಗಾಜಿನ ತೇಲುಕೊಳವೆಯನ್ನು ನೀರಿಗೆ ಬಿಟ್ಟು, ಅದು ಎಷ್ಟು ಮುಳುಗಿತೆಂದು ನೋಡಿ, "ಉಪ್ಪು ಸಾಲದು" ಎಂದ. ಮೇಷ್ಟ್ರಿಗೆ ಆ ಉತ್ತರ ಬಹಳ ಹಿಡಿಸಿತು.

ಅದೇ ಪ್ರಶ್ನೆ ನನಗೆ ಮತ್ತೆ ಎದುರಾದದ್ದು ಎಷ್ಟೋ ವರ್ಷಗಳ ಮೇಲೆ, ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ, ಮಗಳ ಮನೆಯಲ್ಲಿ. ಜನವರಿ ತಿಂಗಳು. "ಅಪ್ಪಾ, ಹೆಜ್ಜೆ ಅಗಲಿಸಬೇಡ, ಪೆಂಗ್ವಿನ್ ಹಾಗೆ ಪುಟ್ಟಪುಟ್ಟ ಹೆಜ್ಜೆ ಇಡು" ಎಂದು ಅವಳು ನನಗೆ ನಡಿಗೆ ಕಲಿಸಿದಳು, ಒಂದು ಕಾಲದಲ್ಲಿ ನಾನು ಅವಳಿಗೆ ಕಲಿಸಿದ ಹಾಗೆ. ರಸ್ತೆ ಬರಿಯ ಒದ್ದೆಯಾದಂತೆ ಕಾಣುತ್ತಿತ್ತು. ಅಲ್ಲಿನವರು ಬ್ಲ್ಯಾಕ್ ಐಸ್ ಎನ್ನುವುದು ಅದನ್ನೇ. ಅದರ ಬಣ್ಣ ಕಪ್ಪಲ್ಲ. ಗಾಜಿನಂತೆ ತೆಳುವಾಗಿರುವುದರಿಂದ ಕೆಳಗಿನ ಡಾಂಬರು ಕಾಣುತ್ತದೆ, ಅಷ್ಟೆ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಮೊದಲೇ ತೆಗೆದುಹಾಕೋಣ. ರಸ್ತೆ ಜಾರುತ್ತದೋ ಇಲ್ಲವೋ ಎಂದು ತಿಳಿಯಲು ಚಳಿ ಎಷ್ಟೆಂದು ಗೊತ್ತಿದ್ದರೆ ಸಾಲದು. ಹವಾಮಾನ ಕೇಂದ್ರ ಹೇಳುವುದು ನೆಲದಿಂದ ಆಳೆತ್ತರದ ಗಾಳಿಯ ಉಷ್ಣತೆ. ಮೋಡವಿಲ್ಲದ ರಾತ್ರಿ ರಸ್ತೆ ತನ್ನ ಶಾಖವನ್ನು ಆಕಾಶಕ್ಕೆ ಸೂಸಿ ಗಾಳಿಗಿಂತ ಕೆಲವು ಡಿಗ್ರಿ ತಣ್ಣಗಾಗುತ್ತದೆ. ಸೇತುವೆಯ ಕೆಳಗೆ ನೆಲದ ಬಿಸುಪಿಲ್ಲವಾದ್ದರಿಂದ ಅದು ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತದೆ. ಹೀಗಾಗಿ ರಸ್ತೆಯ ಮೈಯ ಉಷ್ಣತೆಯೇ ಬೇಕು. ಅದು ಸಿಕ್ಕಿದರೂ ಲೆಕ್ಕ ಅರ್ಧವೇ. ರಸ್ತೆಯ ಮೇಲಿರುವುದು ಬರೀ ನೀರಲ್ಲ. ನಿನ್ನೆ ಎರಚಿದ ಉಪ್ಪು, ಇಂದು ಬಿದ್ದ ಹಿಮ, ಟೈರಿನ ಕೊಳೆ, ಎಣ್ಣೆ ಎಲ್ಲ ಕಲಸಿದ ಒಂದು ತೆಳು ಪದರ. ಆ ಪದರ ಎಷ್ಟಕ್ಕೆ ಹೆಪ್ಪುಗಟ್ಟುತ್ತದೆ ಎಂಬುದು ಗೊತ್ತಾಗದೆ ಉಳಿದರ್ಧ ಲೆಕ್ಕ ತುಂಬುವುದಿಲ್ಲ.

ಉಪ್ಪು ಹಾಕಿದರೆ ಹೆಪ್ಪುಬಿಂದು ಇಳಿಯುತ್ತದೆಂಬುದು ಹಳೆಯ ತಿಳಿವಳಿಕೆ. ಕುಲ್ಫಿ ಮಾರುವವನ ಮಡಕೆಯಲ್ಲೂ ಅದೇ ಇದೆ. ಎಷ್ಟು ಹಾಕಿದರೆ ಎಷ್ಟು ಇಳಿಯುತ್ತದೆ ಎಂದು ಕ್ರಮವಾಗಿ ಅಳೆದವರು ಇಂಗ್ಲೆಂಡಿನ ಚಾರ್ಲ್ಸ್ ಬ್ಲ್ಯಾಗ್ಡನ್. 1788ರಲ್ಲಿ ಅವರು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ನಿಯಮ ಸರಳ: ಕರಗಿದ ವಸ್ತು ಹೆಚ್ಚಿದಷ್ಟೂ ಅದೇ ಪ್ರಮಾಣದಲ್ಲಿ ಹೆಪ್ಪುಬಿಂದು ಇಳಿಯುತ್ತದೆ. ಸುಮಾರು ನೂರು ವರ್ಷಗಳ ನಂತರ ಫ್ರಾನ್ಸಿನ ರಾವೂಲ್ ಮುಖ್ಯವಾದದ್ದು ಕಣಗಳ ಸಂಖ್ಯೆ ಎಂದು ತೋರಿಸಿದರು. ಆದರೆ ಅಡುಗೆ ಉಪ್ಪು ಆ ಲೆಕ್ಕಕ್ಕೆ ಸಿಗಲಿಲ್ಲ. ಸಕ್ಕರೆಗೆ ಹೋಲಿಸಿದರೆ ಅದರ ಇಳಿತ ಸುಮಾರು ಇಮ್ಮಡಿ. ಸ್ವೀಡನ್ನಿನ ಅರೇನಿಯಸ್ 1887ರಲ್ಲಿ ಇದಕ್ಕೆ ಕಾರಣ ಕೊಟ್ಟರು: ಉಪ್ಪು ನೀರಿನಲ್ಲಿ ಒಡೆದು ಸೋಡಿಯಂ ಮತ್ತು ಕ್ಲೋರೈಡ್ ಎಂಬ ಎರಡು ಅಯಾನುಗಳಾಗುತ್ತದೆ. ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುವುದೂ ಅವುಗಳಿಂದಲೇ. ಹೆಪ್ಪುಬಿಂದು ಮತ್ತು ವಿದ್ಯುತ್ತು ಒಂದೇ ಬೇರಿನ ಎರಡು ಕೊಂಬೆ ಎಂಬುದನ್ನು ನೆನಪಿಟ್ಟುಕೊಳ್ಳಿ, ಇನ್ನೇನು ಬೇಕಾಗುತ್ತದೆ.

ಅಡುಗೆ ಉಪ್ಪಿನ ಅಂಕಿಗಳು ಹೀಗಿವೆ. ತೂಕದಲ್ಲಿ 5 ಶೇಕಡ ಉಪ್ಪಿರುವ ನೀರು ಸುಮಾರು ಮೈನಸ್ 3 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, 10 ಶೇಕಡದ್ದು ಮೈನಸ್ 6.5ಕ್ಕೆ, 15 ಶೇಕಡದ್ದು ಮೈನಸ್ 11ರ ಹತ್ತಿರ. 23.3 ಶೇಕಡಕ್ಕೆ ಮೈನಸ್ 21. ಅಲ್ಲಿಗೆ ಮುಗಿಯಿತು. ಇನ್ನಷ್ಟು ಉಪ್ಪು ಸುರಿದರೆ ಅದೇ ನೀರನ್ನು ಹಿಡಿದುಕೊಂಡು ಹರಳಾಗಿ ಹೊರಬರುತ್ತದೆ. ರಸ್ತೆಗೆ ಸಿಂಪಡಿಸುವ ಉಪ್ಪುನೀರನ್ನು 23.3 ಶೇಕಡಕ್ಕೇ ಕಲಸುವುದು ಇದಕ್ಕಾಗಿ. ಅದನ್ನು ಕಲಸುವ ತೊಟ್ಟಿಯ ಬಳಿ, ನಂಬಿ, ಮಲ್ಪೆಯಲ್ಲಿ ಕಂಡಂಥದೇ ತೇಲುಕೊಳವೆ ಇರುತ್ತದೆ.

ತೊಟ್ಟಿಯಲ್ಲಿ ಸರಿ. ರಸ್ತೆಯ ಮೇಲೆ ತೇಲುಕೊಳವೆಯನ್ನು ಎಲ್ಲಿ ತೇಲಿಸುತ್ತೀರಿ? ಅಲ್ಲಿರುವ ನೀರಿನ ಪದರ ಒಂದು ಮಿಲಿಮೀಟರ್ ದಪ್ಪವಿದ್ದರೆ ಹೆಚ್ಚು. ಕೈಯಲ್ಲಿ ಹಿಡಿದು ಉಪ್ಪಿನ ಪ್ರಮಾಣ ಅಳೆಯುವ ರಿಫ್ರಾಕ್ಟೋಮೀಟರಿಗೆ ಎರಡು ಹನಿ ಸಾಕು, ನಿಜ. ಆದರೆ ಬೆಳಗಿನ ಜಾವ ನಾಲ್ಕಕ್ಕೆ, ಲಾರಿಗಳು ನುಗ್ಗುವ ಹೆದ್ದಾರಿಯಲ್ಲಿ ಬಗ್ಗಿ ಹನಿ ಎತ್ತಲು ಯಾರು ಹೋಗುತ್ತಾರೆ? ಹಾಗಾಗಿ ಉಪಕರಣವನ್ನೇ ರಸ್ತೆಯಲ್ಲಿ ಹೂಳಿದರು. ಅಂಗೈಯಗಲದ ಒಂದು ಬಿಲ್ಲೆ, ಮೇಲ್ಮೈ ಡಾಂಬರಿಗೆ ಸಮ, ತಂತಿ ದಾರಿಬದಿಯ ಕಂಬಕ್ಕೆ.

ಈ ಬಿಲ್ಲೆಗಳಲ್ಲಿ ಎರಡು ಜಾತಿ. ಮೊದಲನೆಯದು ತಾನೇನೂ ಮಾಡದೆ ತನ್ನ ಮೇಲೆ ನಿಂತ ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂದು ನೋಡುತ್ತದೆ. ವಿದ್ಯುತ್ತಿನಿಂದ ಅಯಾನು, ಅಯಾನಿನಿಂದ ಉಪ್ಪಿನ ಪ್ರಮಾಣ, ಅದರಿಂದ ಹೆಪ್ಪುಬಿಂದು: ಅರೇನಿಯಸ್ ಹಾಕಿಕೊಟ್ಟ ದಾರಿ. ಬೆಲೆ ಕಡಿಮೆ, ಕೆಡುವುದೂ ಕಡಿಮೆ. ಆದರೆ ಯಾವ ಉಪ್ಪು ಎಂದು ಅದಕ್ಕೆ ನಾವೇ ಮೊದಲು ಹೇಳಿಕೊಟ್ಟಿರಬೇಕು. ಮೆಗ್ನೀಸಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಅಸಿಟೇಟ್ ಎಲ್ಲವೂ ವಿದ್ಯುತ್ತನ್ನು ಒಯ್ಯುತ್ತವೆ, ಆದರೆ ಒಂದೊಂದರ ಹೆಪ್ಪುಬಿಂದುವಿನ ಪಟ್ಟಿ ಒಂದೊಂದು. ಒಂದು ಜಿಲ್ಲೆ ಅಡುಗೆ ಉಪ್ಪು ಹಾಕಿ, ಪಕ್ಕದ ಜಿಲ್ಲೆಯ ಲಾರಿಗಳು ಮೆಗ್ನೀಸಿಯಂ ಕ್ಲೋರೈಡನ್ನು ಟೈರಿನಲ್ಲಿ ಹೊತ್ತು ತಂದರೆ ಬಿಲ್ಲೆಗೆ ಗೊತ್ತಾಗುವುದಿಲ್ಲ. ಪದರದ ದಪ್ಪ ಬದಲಾದರೂ ಲೆಕ್ಕ ತಪ್ಪುತ್ತದೆ. ತನಗೆ ಹೇಳಿಕೊಟ್ಟ ಪಾಠವನ್ನು ಅದು ಒಪ್ಪಿಸುತ್ತದೆ. ನಮ್ಮಲ್ಲಿ ಅಂಥ ವಿದ್ಯಾರ್ಥಿಗಳಿಗೇನೂ ಕೊರತೆಯಿಲ್ಲ, ನಾನೂ ಒಬ್ಬನಾಗಿದ್ದೆ.

ಎರಡನೆಯದು ನನಗೆ ಮೆಚ್ಚು. ಅದು ಯಾವ ಉಪ್ಪು, ಎಷ್ಟು ಉಪ್ಪು ಎಂದು ಕೇಳುವುದೇ ಇಲ್ಲ. ಅದರ ಮೇಲ್ಮೈಯಲ್ಲಿ ಒಂದು ಪುಟ್ಟ ಗುಳಿ ಇದೆ. ರಸ್ತೆಯ ನೀರು ಅಲ್ಲಿ ನಿಲ್ಲುತ್ತದೆ. ಗುಳಿಯ ಕೆಳಗೆ ಪೆಲ್ಟಿಯೇ ಬಿಲ್ಲೆ. ಎರಡು ಬೇರೆ ವಸ್ತುಗಳ ಬೆಸುಗೆಯಲ್ಲಿ ವಿದ್ಯುತ್ ಹರಿಸಿದರೆ ಒಂದು ಬದಿ ತಣ್ಣಗಾಗಿ ಇನ್ನೊಂದು ಬಿಸಿಯಾಗುತ್ತದೆ ಎಂದು 1834ರಲ್ಲಿ ಕಂಡುಕೊಂಡ ಫ್ರಾನ್ಸಿನ ಪೆಲ್ಟಿಯೇ ಅವರ ಹೆಸರು ಅದಕ್ಕೆ. ಆ ಬಿಲ್ಲೆ ಗುಳಿಯ ನೀರನ್ನು ರಸ್ತೆಗಿಂತ ತಣ್ಣಗೆ, ಇನ್ನೂ ತಣ್ಣಗೆ ಮಾಡುತ್ತಾ ಹೋಗುತ್ತದೆ, ಅದು ನಿಜವಾಗಿಯೂ ಹೆಪ್ಪುಗಟ್ಟುವವರೆಗೆ. ಹೆಪ್ಪುಗಟ್ಟುವಾಗ ನೀರು ತನ್ನ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ, ಗ್ರಾಮಿಗೆ 80 ಕ್ಯಾಲೊರಿ. ಇಳಿಯುತ್ತಿದ್ದ ಉಷ್ಣತೆ ಥಟ್ಟನೆ ತಡೆಯುತ್ತದೆ. ಆ ತಡೆಯೇ ಉತ್ತರ. ಆಮೇಲೆ ವಿದ್ಯುತ್ತನ್ನು ತಿರುಗಿಸಿ ಐಸ್ ಕರಗಿಸಿ ಮತ್ತೆ ಮೊದಲಿನಿಂದ. ಇಡೀ ರಸ್ತೆ ನಾಳೆ ಮಾಡಲಿರುವುದನ್ನು ಒಂದು ಚಮಚಕ್ಕೂ ಕಡಿಮೆ ನೀರು ಇಂದೇ ಮಾಡಿ ತೋರಿಸುತ್ತದೆ.

ಹೇಳಿದಷ್ಟು ಸುಲಭವಲ್ಲ. ಇಲ್ಲಿ ಎರಡು ತೊಡಕು. ಶುದ್ಧ ನೀರಾದರೆ ಉಷ್ಣತೆ ಒಂದೇ ಕಡೆ ನಿಲ್ಲುತ್ತದೆ; ಉಪ್ಪುನೀರು ಹಾಗಲ್ಲ. ಮೊದಲು ಹರಳಾಗುವುದು ಬರೀ ನೀರು, ಉಪ್ಪು ಉಳಿದ ದ್ರವದಲ್ಲೇ ಇರುತ್ತದೆ. ಉಳಿದದ್ದು ಇನ್ನಷ್ಟು ಉಪ್ಪಾಗಿ ಅದರ ಹೆಪ್ಪುಬಿಂದು ಇನ್ನಷ್ಟು ಕೆಳಗಿಳಿಯುತ್ತದೆ. ಆದ್ದರಿಂದ ಹೆಪ್ಪು ಶುರುವಾದ ಆ ಕ್ಷಣವನ್ನೇ ಹಿಡಿಯಬೇಕು, ನಂತರದ್ದು ಜಾರುಬಂಡೆ. ಎರಡನೆಯ ತೊಡಕು ಇನ್ನೂ ಸ್ವಾರಸ್ಯದ್ದು. ನೀರು ತನ್ನ ಹೆಪ್ಪುಬಿಂದುವನ್ನು ದಾಟಿದ ಮೇಲೂ ಕೆಲವೊಮ್ಮೆ ದ್ರವವಾಗಿಯೇ ಉಳಿಯುತ್ತದೆ. ಮೊದಲ ಹರಳು ಕಟ್ಟಲು ಅದಕ್ಕೊಂದು ನೆಪ ಬೇಕು: ಧೂಳಿನ ಕಣವೋ, ಗೀರೋ, ಇನ್ನೊಂದು ಐಸಿನ ಚೂರೋ. ಇಂಗ್ಲಿಷಿನವರು ಇದನ್ನು ಬೀಜ ಎನ್ನುತ್ತಾರೆ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಹಾಲು ಹದವಾಗಿ ಆರಿದ್ದರೂ ಒಂದು ಚಮಚ ಹೆಪ್ಪು ಬೀಳದೆ ಮೊಸರಾಗದು ಎಂದು ನಮ್ಮ ಅಡುಗೆಮನೆಗೆ ಗೊತ್ತು. ಹೆಪ್ಪುಗಟ್ಟುವುದು ಎಂಬ ಮಾತಿನಲ್ಲೇ ಹೆಪ್ಪು ಇದೆ. ಭೌತಶಾಸ್ತ್ರದ ಪುಸ್ತಕದಲ್ಲಿ ಅದನ್ನು ಘನೀಭವನ ಎಂದು ಬದಲಿಸಿದಾಗ ನಾವು ಕಳೆದುಕೊಂಡದ್ದು ಇದನ್ನೇ. ಗುಳಿಯ ನೀರು ಹೆಪ್ಪಿಗಾಗಿ ಕಾದು ಎರಡು ಡಿಗ್ರಿ ಹೆಚ್ಚು ಇಳಿದರೆ, ಆಮೇಲೆ ಒಮ್ಮೆಲೇ ಗಟ್ಟಿಯಾಗಿ ಉಷ್ಣತೆ ಮೇಲಕ್ಕೆ ನೆಗೆಯುತ್ತದೆ. ಇಳಿದ ತಳವಲ್ಲ, ನೆಗೆದು ಮುಟ್ಟಿದ ಮಟ್ಟವೇ ಹೆಪ್ಪುಬಿಂದು. ಉಪಕರಣಕ್ಕೆ ಈ ವಿವೇಕವನ್ನೂ ಕಲಿಸಿರಬೇಕು.

ಇನ್ನೊಂದು ಬಗೆಯದು ರಸ್ತೆಯನ್ನು ಮುಟ್ಟದೆ, ಕಂಬದ ಮೇಲಿನಿಂದ ಅತಿಗೆಂಪು ಬೆಳಕು ಬೀರಿ ನೋಡುತ್ತದೆ. ನೀರನ್ನೂ ಐಸನ್ನೂ ಚೆನ್ನಾಗಿ ಬೇರ್ಪಡಿಸುತ್ತದೆ, ಉಪ್ಪು ಮಾತ್ರ ಅದಕ್ಕೆ ನೇರವಾಗಿ ಕಾಣದು.

ಇಂಥ ಅಳತೆಯ ಪ್ರಯೋಜನಕ್ಕೆ ಉದಾಹರಣೆಯಾಗಿ ಮಿನ್ನಿಯಾಪೊಲಿಸ್‌ನ ಒಂದು ಸೇತುವೆಯ ಕಥೆ ಹೇಳುತ್ತೇನೆ. 1987ರಲ್ಲಿ ಅಮೆರಿಕದಲ್ಲಿ ಶುರುವಾದ ಹೆದ್ದಾರಿ ಸಂಶೋಧನಾ ಯೋಜನೆಯೊಂದು, ಐಸ್ ಕಟ್ಟಿದ ಮೇಲೆ ಕರಗಿಸುವುದಕ್ಕಿಂತ ಕಟ್ಟುವ ಮೊದಲೇ ತಡೆಯುವುದು ಲೇಸು ಎಂಬ ಪದ್ಧತಿಗೆ ಒತ್ತು ಕೊಟ್ಟಿತು. ಮಿಸಿಸಿಪ್ಪಿ ನದಿಯ ಮೇಲಿನ ಐ–35 ಡಬ್ಲ್ಯು ಸೇತುವೆ ಬ್ಲ್ಯಾಕ್ ಐಸಿಗೆ ಕುಖ್ಯಾತವಾಗಿತ್ತು. ಪಕ್ಕದಲ್ಲೇ ಸೇಂಟ್ ಆಂಥನಿ ಜಲಪಾತದ ತೇವ. 1999ರ ಕೊನೆಗೆ ಅದರ ಮೈಯಲ್ಲಿ ಸೆನ್ಸರುಗಳನ್ನೂ ಸಿಂಪಡಿಸುವ ಮೂತಿಗಳನ್ನೂ ಕೂರಿಸಿದರು. ಐಸಿನ ಸೂಚನೆ ಸಿಕ್ಕಿದೊಡನೆ ಪೊಟ್ಯಾಸಿಯಂ ಅಸಿಟೇಟ್ ತಾನಾಗಿ ಚಿಮ್ಮುತ್ತಿತ್ತು. 2007ರ ಆಗಸ್ಟ್ 1ರ ಸಂಜೆ ಆ ಸೇತುವೆ ಕುಸಿದು 13 ಜನ ಸತ್ತರು. ಸಿಂಪಡಿಸಿದ ರಾಸಾಯನಿಕವೇ ಉಕ್ಕನ್ನು ತಿಂದಿತೆ ಎಂಬ ಅನುಮಾನ ಆಗ ಎದ್ದಿತು. ತನಿಖೆಯಲ್ಲಿ ಸಿಕ್ಕಿದ್ದು ಬೇರೆಯೇ: ತೊಲೆಗಳನ್ನು ಜೋಡಿಸುವ ತಗಡು 1 ಇಂಚು ದಪ್ಪ ಇರಬೇಕಾದ ಕಡೆ ವಿನ್ಯಾಸದ ತಪ್ಪಿನಿಂದ ಅರ್ಧ ಇಂಚು ಇತ್ತು. 1967ರಲ್ಲಿ ಸಂಚಾರಕ್ಕೆ ತೆರೆದ ಸೇತುವೆ ನಲವತ್ತು ವರ್ಷ ಆ ತಪ್ಪನ್ನು ಹೊತ್ತು ನಿಂತಿತ್ತು.

ಉಪ್ಪಿನ ಮೇಲೆ ನನಗಿರುವ ದೂರು ಬೇರೆ. ಹೆಪ್ಪುಬಿಂದು ಗೊತ್ತಿಲ್ಲದವನು ಭಯಕ್ಕೆ ಎರಡು ಪಟ್ಟು ಸುರಿಯುತ್ತಾನೆ, ಅವನನ್ನು ಬೈಯುವಂತೆಯೂ ಇಲ್ಲ. ಆದರೆ ಸುರಿದ ಉಪ್ಪು ಕರಗಿದ ಹಿಮದ ಜೊತೆ ಕೆರೆಗೆ ಹೋಗುತ್ತದೆ. ಮಗಳ ಊರಿರುವ ಮಿನ್ನೆಸೋಟ ರಾಜ್ಯ ಹತ್ತು ಸಾವಿರ ಕೆರೆಗಳ ನಾಡು ಎಂದು ತನ್ನನ್ನು ಕರೆದುಕೊಳ್ಳುತ್ತದೆ. ಲೀಟರಿಗೆ 230 ಮಿಲಿಗ್ರಾಂ ಕ್ಲೋರೈಡ್ ದಾಟಿದ ನೀರಿನಲ್ಲಿ ಜಲಚರಗಳಿಗೆ ಬಾಳು ಕಷ್ಟ ಎಂಬುದು ಅಲ್ಲಿನ ಮಾನದಂಡ. ಸುಮಾರು 19 ಲೀಟರ್ ನೀರು ಕೆಡಲು ಒಂದು ಟೀ ಚಮಚ ಉಪ್ಪು ಸಾಕೆಂದು ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆಯೇ ಜನರಿಗೆ ಹೇಳುತ್ತದೆ. ಕ್ಲೋರೈಡ್ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಮಗಳ ಮನೆಯ ಬಾಗಿಲಲ್ಲಿ ಬಿಚ್ಚಿಟ್ಟ ಬೂಟುಗಳ ಸುತ್ತ ದಿನವೂ ಬಿಳಿಯ ಗೆರೆ ಒಣಗಿರುತ್ತಿತ್ತು. ಅವಳು ಅದನ್ನು ಒರೆಸಿ ಬಟ್ಟೆಯನ್ನು ಸಿಂಕಿನಲ್ಲಿ ಹಿಂಡುತ್ತಿದ್ದಳು.

ಗುಳಿಯಿರುವ ಆ ಉಪಕರಣದ ಮಿತಿಯನ್ನೂ ಹೇಳಿಬಿಡುತ್ತೇನೆ. ಗುಳಿ ಒಣಗಿದ್ದರೆ ಅದಕ್ಕೆ ಮಾತೇ ಇಲ್ಲ. ಅದು ಹೇಳುವುದು ಅಂಗೈಯಗಲದ ಸುದ್ದಿ, ರಸ್ತೆಯೋ ನೂರಾರು ಕಿಲೋಮೀಟರ್. ಚಕ್ರ ಹಾಯುವ ಜಾಡಿನಲ್ಲಿ ಇರುವ ಉಪ್ಪು ಅದರಾಚೆ ಎರಡು ಅಡಿಗೆ ಇರುವುದಿಲ್ಲ.

ಈಗ ಬೆಳಗಿನ ಜಾವ ನಾಲ್ಕು ಗಂಟೆ ಎಂದಿಟ್ಟುಕೊಳ್ಳಿ. ಉಪ್ಪಿನ ಲಾರಿಯವನ ಮುಂದಿನ ಪರದೆಯಲ್ಲಿ ಎರಡು ಅಂಕಿ ಇವೆ. ರಸ್ತೆಯ ಮೈ ಮೈನಸ್ 6, ಅದರ ಮೇಲಿನ ನೀರಿನ ಹೆಪ್ಪುಬಿಂದು ಮೈನಸ್ 9. ಕೈಯಲ್ಲಿ ಮೂರು ಡಿಗ್ರಿ ಉಳಿದಿದೆ. ಮೈನಸ್ 9 ಎಂದರೆ ಆ ನೀರಿನಲ್ಲಿ ಉಪ್ಪು 13 ಶೇಕಡ. ಮೈನಸ್ 6ಕ್ಕೆ ಗಟ್ಟಿಯಾಗಬೇಕಾದರೆ ಅದು ಸುಮಾರು 9 ಶೇಕಡಕ್ಕೆ ತೆಳುವಾಗಬೇಕು. ಪದರ ಒಂದು ಮಿಲಿಮೀಟರ್ ಇದ್ದರೆ ಅದಕ್ಕೆ ಬೇಕಾದ ಹೊಸ ನೀರು ಅರ್ಧ ಮಿಲಿಮೀಟರಿಗೂ ಕಡಿಮೆ. ಹಿಮದ ಲೆಕ್ಕದಲ್ಲಿ ಅರ್ಧ ಸೆಂಟಿಮೀಟರ್, ಬೆರಳಿನ ಉಗುರು ಮುಳುಗುವಷ್ಟೂ ಅಲ್ಲ. ಗಾಜಿನಾಚೆ ಹಿಮ ಉದುರಲು ಆಗಲೇ ಶುರುವಾಗಿದೆ.