ಗಾಡಿ ಪೂರ್ತಿ ಹಾಳಾದಾಗ ವಿಮೆಯ ನ್ಯಾಯವಾದ ಹಣ ಪಡೆಯುವುದು ಹೇಗೆ?

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಮಾಹಿತಿ ಶಿಬಿರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಸಂಘ ಇಪ್ಪತ್ತೈದು ವರ್ಷ ಪೂರೈಸಿದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತಾಡಿ ಅಂತ ನನ್ನನ್ನು ಕರೆದಿದ್ದೀರಿ. ಸಂಘಕ್ಕೆ ನನ್ನ ಅಭಿನಂದನೆಗಳು. ವಿಮಾ ಕಛೇರಿಯಲ್ಲಿ ಹಲವು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಹಾಗಾಗಿ ಹಾಲಿನ ವಿಚಾರ ಬಿಟ್ಟು, ಆ ಹಾಲು ತರುವ ಗಾಡಿಯ ವಿಚಾರ ಮಾತಾಡೋಣ ಅಂತಿದ್ದೇನೆ. ಸಂಘ ಶುರುವಾದಾಗ ಕ್ಯಾನು ಸೈಕಲ್ಲಿನ ಮೇಲೆ, ತಲೆ ಮೇಲೆ ಬರುತ್ತಿತ್ತು. ಈಗ ಮನೆಗೊಂದು ಬೈಕು. ಹಾಲು ಹಾಕುವುದಕ್ಕೂ ಅದೇ, ಹುಲ್ಲು ತರುವುದಕ್ಕೂ ಅದೇ, ಮಗ ಪೇಟೆಗೆ ಕೆಲಸಕ್ಕೆ ಹೋಗುವುದಕ್ಕೂ ಅದೇ. ಆ ಗಾಡಿ ಒಂದು ದಿನ ಅಪಘಾತದಲ್ಲಿ ಪೂರ್ತಿ ಹಾಳಾದರೆ ಸಂಸಾರವೇ ಕುಂಟುತ್ತೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಹಸುವಿನ ವಿಮೆ ನಿಮಗೆಲ್ಲ ಗೊತ್ತಿರುವುದೇ. ಕಿವಿ ಓಲೆ ಇಲ್ಲದಿದ್ದರೆ ಹಣ ಇಲ್ಲ ಅಂತ ಮಕ್ಕಳೂ ಹೇಳುತ್ತವೆ. ಗಾಡಿಗೂ ಹಾಗೇ; ಚಾಸಿ ನಂಬರು, ಇಂಜಿನ್ ನಂಬರು ಅದರ ಕಿವಿ ಓಲೆ. ಪಾಲಿಸಿಯಲ್ಲಿ, ಆರ್.ಸಿ.ಯಲ್ಲಿ, ಗಾಡಿ ಮೇಲೆ ಮೂರೂ ಕಡೆ ಒಂದೇ ನಂಬರು ಇದೆಯೇ ಅಂತ ಇವತ್ತೇ ಮನೆಗೆ ಹೋಗಿ ನೋಡಿ.

ಮೊದಲು ಪಾಲಿಸಿ ಯಾವುದು ಅಂತ ತಿಳಿಯಿರಿ

"ನನ್ನ ಗಾಡಿಗೆ ಐದು ವರ್ಷ ಇನ್ಶೂರೆನ್ಸ್ ಇದೆ" ಅಂತ ಬಹಳ ಜನ ಹೇಳುತ್ತಾರೆ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ವಿಮೆ ಕಡ್ಡಾಯವಾಗಿದೆ, ನಿಜ. ಆದರೆ ಅದು ಥರ್ಡ್ ಪಾರ್ಟಿ ವಿಮೆ. ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ. ನಿಮ್ಮ ಗಾಡಿಗೆ ಆದ ನಷ್ಟಕ್ಕೆ 'ಓನ್ ಡ್ಯಾಮೇಜ್' ಅಂತ ಬೇರೆ ಭಾಗ ಇದೆ. ಸಾಮಾನ್ಯವಾಗಿ ಅದು ಒಂದು ವರ್ಷಕ್ಕೆ ಮುಗಿಯುತ್ತೆ, ವರ್ಷ ವರ್ಷ ಕಟ್ಟಬೇಕು. ಅದನ್ನು ಬಿಟ್ಟವರಿಗೆ ಸ್ವಂತ ಗಾಡಿಯ ನಷ್ಟಕ್ಕೆ ತಮ್ಮ ಕಂಪನಿಯಿಂದ ಒಂದು ಪೈಸೆಯೂ ಬರುವುದಿಲ್ಲ. ಎದುರಿನ ವಾಹನದ ತಪ್ಪಿದ್ದರೆ ಅವರ ಮೇಲೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬಹುದು, ಅಷ್ಟೇ ದಾರಿ.

ಐ.ಡಿ.ವಿ. ಎಂಬ ಮೂರಕ್ಷರ

ಪಾಲಿಸಿಯಲ್ಲಿ ಐ.ಡಿ.ವಿ. ಅಂತ ಒಂದು ಮೊತ್ತ ಅಚ್ಚಾಗಿರುತ್ತೆ. ನಿಮ್ಮ ಗಾಡಿಗೆ ಆ ವರ್ಷಕ್ಕೆ ಒಪ್ಪಿಕೊಂಡ ಬೆಲೆ ಅದು. ಪಾಲಿಸಿ ಮಾಡುವ ದಿನ ಆ ಮಾಡೆಲ್ಲಿಗೆ ಕಂಪನಿ ಪ್ರಕಟಿಸಿರುವ ಬೆಲೆಯಲ್ಲಿ ಗಾಡಿಯ ವಯಸ್ಸಿಗೆ ತಕ್ಕ ಹಾಗೆ ಸವಕಳಿ ಕಳೆಯುತ್ತಾರೆ. ಆರು ತಿಂಗಳೊಳಗೆ ಶೇ. 5, ಒಂದು ವರ್ಷದೊಳಗೆ ಶೇ. 15, ಎರಡು ವರ್ಷದೊಳಗೆ ಶೇ. 20, ಮೂರು ವರ್ಷದೊಳಗೆ ಶೇ. 30, ನಾಲ್ಕು ವರ್ಷದೊಳಗೆ ಶೇ. 40, ಐದು ವರ್ಷದೊಳಗೆ ಶೇ. 50. ಐದು ವರ್ಷ ದಾಟಿದ ಗಾಡಿಗೆ ಇಬ್ಬರೂ ಮಾತಾಡಿ ಒಪ್ಪಿಕೊಂಡ ಬೆಲೆ. ರಿಜಿಸ್ಟ್ರೇಷನ್ ಖರ್ಚು, ವಿಮೆಯ ಕಂತು ಇದರಲ್ಲಿ ಸೇರುವುದಿಲ್ಲ.

ರಿನ್ಯೂವಲ್ ಮಾಡುವಾಗ "ನೂರಿನ್ನೂರು ರೂಪಾಯಿ ಕಮ್ಮಿ ಮಾಡಿಕೊಡ್ತೀನಣ್ಣ" ಅಂತ ಏಜೆಂಟ್ ಹೇಳಿದರೆ ಖುಷಿ ಪಡಬೇಡಿ. ಐ.ಡಿ.ವಿ. ಎಷ್ಟಕ್ಕೆ ಇಳಿಸಿದ್ದಾನೆ ಅಂತ ಕೇಳಿ. ಉಳಿದದ್ದು ನೂರು, ಹೋಗುವುದು ಸಾವಿರಗಟ್ಟಲೆ.

ಟೋಟಲ್ ಲಾಸ್ ಅನ್ನುವುದು ಯಾವಾಗ? ಪಾಲಿಸಿಯ ನಿಯಮಗಳಿಗೆ ಒಳಪಟ್ಟ ರಿಪೇರಿ ಖರ್ಚು ಐ.ಡಿ.ವಿ.ಯ ಶೇ. 75 ದಾಟಿದಾಗ. ಗ್ಯಾರೇಜಿನವನು ಬರೆದ ಎಸ್ಟಿಮೇಟು ಹಾಗೇ ಲೆಕ್ಕಕ್ಕೆ ಬರಲ್ಲ. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ ಶೇ. 50, ಕಬ್ಬಿಣದ ಭಾಗಕ್ಕೆ ವಯಸ್ಸಿನ ಪ್ರಕಾರ ಸವಕಳಿ ಕಳೆದು ಸರ್ವೆಯರ್ ಲೆಕ್ಕ ಹಾಕುತ್ತಾರೆ. ಆದ್ದರಿಂದ ಗಾಡಿ ಬಿಚ್ಚದೆ ಮೇಲ್ನೋಟಕ್ಕೆ ಬರೆದ ಎಸ್ಟಿಮೇಟು ಸಾಲದು. ಚಾಸಿ ಬಗ್ಗಿದೆಯೇ, ಇಂಜಿನ್ ಕೇಸು ಒಡೆದಿದೆಯೇ ಅಂತ ಸರ್ವೆಯರ್ ಮುಂದೆ ಬಿಚ್ಚಿಸಿ ಬರೆಸಿ. ಚಾಸಿ ಬಗ್ಗಿದ ಗಾಡಿಯನ್ನು ತಟ್ಟಿ ನೆಟ್ಟಗೆ ಮಾಡಿ ಓಡಿಸುವುದು ಜೀವಕ್ಕೆ ಅಪಾಯ.

ಒಂದು ಉದಾಹರಣೆ

ನನ್ನ ತಮ್ಮನ ಮಗನ ಪ್ರಕರಣವನ್ನೇ ಹೇಳುತ್ತೇನೆ. ಕಬ್ಬು ಅರೆಯುವ ಕಾಲ. ರಾತ್ರಿ ಪಾಳಿ ಮುಗಿಸಿ ಬರುವಾಗ ಲೈಟಿಲ್ಲದೆ ನಿಂತಿದ್ದ ಟ್ರೈಲರಿಗೆ ಗುದ್ದಿದ. ದೇವರ ದಯೆ, ಕೈ ಮುರಿದದ್ದು ಬಿಟ್ಟರೆ ಜೀವಕ್ಕೆ ಏನೂ ಆಗಲಿಲ್ಲ. ಗಾಡಿ ಮುದ್ದೆ. ಐ.ಡಿ.ವಿ. 56,000 ರೂ. ಇತ್ತು. ಅದರ ಶೇ. 75 ಅಂದರೆ 42,000. ಸವಕಳಿ ಕಳೆದ ಮೇಲೂ ರಿಪೇರಿ ಲೆಕ್ಕ 44,000 ದಾಟಿದ್ದರಿಂದ ಟೋಟಲ್ ಲಾಸ್ ಅಂತಾಯಿತು. ಗಾಡಿ ಮೇಲೆ ಇನ್ನೂ 26,000 ರೂ. ಸಾಲ ಬಾಕಿ.

ಕಂಪನಿಯಿಂದ ಫೋನ್ ಬಂತು: "ನೋಡಪ್ಪಾ, ಮಾರ್ಕೆಟ್ಟಿನಲ್ಲಿ ಈ ಗಾಡಿಗೆ ಈಗ 45,000. ಗುಜರಿ ನಿನಗೇ ಬಿಡ್ತೀವಿ, ಅದಕ್ಕೆ 14,000 ಹಿಡಿದಿದ್ದೀವಿ. 31,000 ಬರುತ್ತೆ. ಸಹಿ ಹಾಕಿ ಕಳಿಸು." ಹುಡುಗ ಒಪ್ಪಿಬಿಡೋಣ ಅಂತಿದ್ದ. "ಲೇ ಮಗ, ಫೋನಿನಲ್ಲಿ ಹೂಂ ಅನ್ನಬೇಡ. ಲೆಕ್ಕ ಬರವಣಿಗೆಯಲ್ಲಿ ಕಳಿಸಿ ಅಂತ ಹೇಳು" ಅಂದೆ. ಬರವಣಿಗೆ ಬಂದ ಮೇಲೆ ಎರಡು ಪ್ರಶ್ನೆ ಹಾಕಿದೆವು.

ಮೊದಲನೆಯದು, ಮಾರ್ಕೆಟ್ ಬೆಲೆ ಎಲ್ಲಿಂದ ಬಂತು? ಪಾಲಿಸಿಯ ಷರತ್ತಿನಲ್ಲೇ ಬರೆದಿದೆ: ಟೋಟಲ್ ಲಾಸ್ ಕ್ಲೇಮಿಗೆ ಪಾಲಿಸಿ ಅವಧಿ ಪೂರ್ತಿ ಐ.ಡಿ.ವಿ.ಯನ್ನೇ ಮಾರುಕಟ್ಟೆ ಬೆಲೆ ಅಂತ ತಿಳಿಯಬೇಕು, ಮತ್ತೆ ಸವಕಳಿ ಕಳೆಯುವಂತಿಲ್ಲ. 56,000ಕ್ಕೆ ಕಂತು ಕಟ್ಟಿಸಿಕೊಂಡವರು 45,000ಕ್ಕೆ ಲೆಕ್ಕ ಮಾಡಲು ಬರುವುದಿಲ್ಲ. ಈ ಸಾಲಿಗೆ ಗೆರೆ ಎಳೆದು ಪತ್ರದ ಜೊತೆ ಕಳಿಸಿದೆವು. ಒಂದೇ ಪತ್ರಕ್ಕೆ ಒಪ್ಪಿದರು.

ಎರಡನೆಯದು ಗುಜರಿ ಬೆಲೆ. ಐ.ಡಿ.ವಿ.ಯಲ್ಲಿ ಹಾಳಾದ ಗಾಡಿಯ ಬೆಲೆ ಕಳೆದು ಕೊಡುವುದು ನಿಯಮ. ಕಳೆಯಲಿ, ಆದರೆ ಎಷ್ಟು ಅನ್ನುವುದೇ ವ್ಯಾಪಾರ. ಇಲ್ಲೇ ಜನ ಸೋಲುತ್ತಾರೆ. ಪೇಟೆಯ ಇಬ್ಬರು ಗುಜರಿಯವರಿಂದ ಚೀಟಿ ಬರೆಸಿದೆವು. ಒಬ್ಬ 6,000, ಇನ್ನೊಬ್ಬ 6,500. "ತಾವು 14,000 ಎಂದಿದ್ದೀರಿ. ಅಷ್ಟು ಕೊಡುವವರು ಯಾರು ಅಂತ ಬರೆದು ತಿಳಿಸಿ, ಅವರಿಗೇ ಕೊಡುತ್ತೇವೆ. ಇಲ್ಲವಾದರೆ ತಾವೇ ಗಾಡಿ ತೆಗೆದುಕೊಂಡು ಪೂರ್ತಿ ಹಣ ಕೊಡಿ" ಅಂತ ಬರೆದೆವು. ಕಡೆಗೆ ಕಂಪನಿಯೇ 9,000ಕ್ಕೆ ಕೊಳ್ಳುವವನನ್ನು ಕಳಿಸಿತು. ಅವನು 9,000 ಕೊಟ್ಟ. ಕಂಪನಿ 56,000ದಲ್ಲಿ ಆ 9,000 ಮತ್ತು ಕಡ್ಡಾಯ ಕಡಿತದ 100 ರೂ. ಕಳೆದು 46,900 ಕೊಟ್ಟಿತು. ಒಟ್ಟು 55,900.

ಮೊದಲಿನ ಮಾತಿಗೆ ಒಪ್ಪಿದ್ದರೆ 31,000, ಗುಜರಿಯಿಂದ 6,500, ಒಟ್ಟು 37,500. ಸಾಲ ತೀರಿಸಿ ಕೈಗೆ ಉಳಿಯುತ್ತಿದ್ದದ್ದು 11,500. ಈಗ ಉಳಿದದ್ದು 29,900. ಅದರಲ್ಲಿ ಅವನು ಹಳೇ ಗಾಡಿಯೊಂದನ್ನು ತಗೊಂಡು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾನೆ. ಖರ್ಚಾದದ್ದು ಎರಡು ರಿಜಿಸ್ಟರ್ ಪೋಸ್ಟು. ಯಾರ ಜೊತೆಗೂ ಜಗಳ ಆಡಲಿಲ್ಲ.

ನೀವು ಮಾಡಬೇಕಾದದ್ದು

1. ಅಪಘಾತವಾದ ಕೂಡಲೇ ಪೆಟ್ಟಾದವರ ಚಿಕಿತ್ಸೆ ಮೊದಲು. ಆಮೇಲೆ ಫೋಟೋ ತೆಗೆಯಿರಿ, ಪೊಲೀಸ್ ಸ್ಟೇಷನ್ನಿಗೆ ಮತ್ತು ಕಂಪನಿಗೆ ತಿಳಿಸಿ, ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಸರ್ವೆಯರ್ ನೋಡುವ ತನಕ ರಿಪೇರಿಗೆ ಕೈ ಹಚ್ಚಬೇಡಿ.

2. ಡಿ.ಎಲ್. ಇಲ್ಲದವರ ಕೈಗೆ ಗಾಡಿ ಕೊಡಬೇಡಿ, ಕುಡಿದು ಓಡಿಸಬೇಡಿ. ಈ ಎರಡರಲ್ಲಿ ಸಿಕ್ಕಿಬಿದ್ದರೆ ನಾನು ಹೇಳುವ ಯಾವ ಮಾತೂ ಕೆಲಸಕ್ಕೆ ಬರುವುದಿಲ್ಲ.

3. ಸರ್ವೆ ವರದಿಯ ನಕಲು ಕೇಳಿ. 2024ರ ಜೂನ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಸುತ್ತೋಲೆಯಂತೆ ಸರ್ವೆಯರ್ 15 ದಿನದೊಳಗೆ ವರದಿ ಕೊಡಬೇಕು, ವರದಿ ಬಂದ 7 ದಿನದೊಳಗೆ ಕಂಪನಿ ತೀರ್ಮಾನ ಮಾಡಬೇಕು. ಸರ್ವೆಯರ್ ಹೇಳಿದ್ದೇ ಕಡೆಯ ಮಾತಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲೇ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿದೆ.

4. ಖಾಲಿ ಕಾಗದಕ್ಕೆ, ಮೊತ್ತ ಬರೆಯದ ವೋಚರಿಗೆ ಸಹಿ ಹಾಕಬೇಡಿ. 'ಪೂರ್ಣ ಮತ್ತು ಅಂತಿಮ' ಅಂತ ಇದ್ದರೆ ಎರಡು ಸಲ ಓದಿ. ಒಪ್ಪಿಗೆ ಇಲ್ಲದಿದ್ದರೆ ಸಹಿಗೆ ಮೊದಲೇ ಆಕ್ಷೇಪಣೆ ಬರೆದು ಕಳಿಸಿ.

5. ಹಾಳಾದ ಗಾಡಿಯನ್ನು ಆರ್.ಸಿ. ಸಮೇತ ಸುಮ್ಮನೆ ಕೊಟ್ಟುಬಿಡಬೇಡಿ. ಕಳವಿನ ಗಾಡಿಗೆ ನಿಮ್ಮ ನಂಬರು ಹಾಕಿ ಓಡಿಸುವವರಿದ್ದಾರೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಇದೆ. ಗಾಡಿ ಶಾಶ್ವತವಾಗಿ ಓಡದಂತೆ ಆಗಿದ್ದರೆ 14 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಹೇಳುತ್ತೆ. ಕೊಂಡವನ ಹೆಸರು, ವಿಳಾಸ, ಸಹಿ ಇರುವ ರಸೀದಿ ಇಟ್ಟುಕೊಳ್ಳಿ.

6. ಕ್ಲೇಮು ಇಲ್ಲದ ವರ್ಷಗಳಿಗೆ ಸಿಗುವ ಬೋನಸ್ಸನ್ನು ಸುಳ್ಳು ಹೇಳಿ ಪಡೆಯಬೇಡಿ. ಕ್ಲೇಮಿನ ವೇಳೆ ಹಳೇ ದಾಖಲೆ ತೆಗೆದು ನೋಡುತ್ತಾರೆ.

ಮಾಲೀಕನೇ ಓಡಿಸುತ್ತಿದ್ದು ಪ್ರಾಣಕ್ಕೆ ಅಪಾಯವಾದರೆ 15 ಲಕ್ಷ ರೂ.ಗಳ ವೈಯಕ್ತಿಕ ಅಪಘಾತ ವಿಮೆ ಬೇರೆಯೇ ಇದೆ. ನಿಮ್ಮ ಪಾಲಿಸಿಯಲ್ಲಿ ಅದು ಸೇರಿದೆಯೇ ಅಂತ ಮನೆಯವರಿಗೂ ಗೊತ್ತಿರಲಿ.

ಪತ್ರ ಹೀಗೆ ಬರೆಯಿರಿ

"ನನ್ನ ಪಾಲಿಸಿ ಸಂಖ್ಯೆ ..., ಕ್ಲೇಮು ಸಂಖ್ಯೆ .... ತಾವು ದಿನಾಂಕ ... ರಂದು ತಿಳಿಸಿದ ಮೊತ್ತವನ್ನು ನಾನು ಒಪ್ಪಿರುವುದಿಲ್ಲ. ಪಾಲಿಸಿಯಂತೆ ಐ.ಡಿ.ವಿ. ... ರೂ. ಇರುತ್ತದೆ. ಹಾಳಾದ ವಾಹನಕ್ಕೆ ತಾವು ಹಿಡಿದ ಬೆಲೆಗೆ ಆಧಾರ ತಿಳಿಸಬೇಕು. ನಾನು ಪಡೆದ ಎರಡು ಬೆಲೆಪಟ್ಟಿ ಲಗತ್ತಿಸಿದ್ದೇನೆ. ಸರಿಯಾದ ಲೆಕ್ಕವನ್ನು ಲಿಖಿತವಾಗಿ ಕೊಡಬೇಕೆಂದು ಕೋರುತ್ತೇನೆ."

ಇಷ್ಟು ಸಾಕು. ಬೈಗುಳ ಬೇಡ, ಬೇಡಿಕೊಳ್ಳುವುದೂ ಬೇಡ. ನಕಲು ಇಟ್ಟುಕೊಂಡು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.

ಅದಕ್ಕೂ ಬಗ್ಗದಿದ್ದರೆ

ಪ್ರತಿ ಕಂಪನಿಯಲ್ಲೂ ಕುಂದುಕೊರತೆ ಅಧಿಕಾರಿ ಇರುತ್ತಾರೆ. ಮೊದಲು ಅವರಿಗೆ ಬರೆಯಿರಿ. ಪ್ರಾಧಿಕಾರದ 'ಬಿಮಾ ಭರೋಸಾ'ದಲ್ಲೂ ದೂರು ಕೊಡಬಹುದು, ಫೋನ್ 155255. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ಆಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಛೇರಿಗೆ ಅರ್ಜಿ ಹಾಕಿ. ಅಲ್ಲಿ ಫೀಸಿಲ್ಲ, ವಕೀಲರು ಬೇಕಿಲ್ಲ. ಅದು ಬೇಡವೆಂದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ಎರಡು ವರ್ಷದೊಳಗೆ ದೂರು ಹಾಕಬಹುದು.

ಸಂಘಕ್ಕೆ ಒಂದು ಮಾತು

ಹಾಲಿನ ಫ್ಯಾಟಿನಲ್ಲಿ ಒಂದು ಪಾಯಿಂಟ್ ಕಮ್ಮಿ ಬಂದರೆ ನಾವು ಡೈರಿ ಮುಂದೆ ನಿಂತು ಕೇಳುತ್ತೇವೆ. ಸಾವಿರಾರು ರೂಪಾಯಿಯ ವಿಮೆ ಲೆಕ್ಕ ಬಂದಾಗ ಮಾತ್ರ "ದೊಡ್ಡೋರು ಹೇಳಿದ ಮೇಲೆ ಸರಿ ಇರಬೇಕು" ಅಂತ ಸುಮ್ಮನಾಗುತ್ತೇವೆ. ಕಾರಣ ಇಷ್ಟೇ: ಡೈರಿ ಮುಂದೆ ನಾವು ಹತ್ತು ಜನ ಇರ್ತೀವಿ, ಫೋನಿನಲ್ಲಿ ಒಬ್ಬರೇ ಇರ್ತೀವಿ. ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ. ಸಂಘದ ಕಛೇರಿಯಲ್ಲಿ ಒಂದು ಫೈಲು ಇಡಿ. ಸದಸ್ಯರ ಪಾಲಿಸಿ ನಕಲು, ಮುಗಿಯುವ ತಾರೀಖು ಅದರಲ್ಲಿರಲಿ. ತಾರೀಖು ಹತ್ತಿರ ಬಂದಾಗ ಹಾಲಿನ ಬಟವಾಡೆ ದಿನ ನೋಟಿಸ್ ಬೋರ್ಡಿನಲ್ಲಿ ಹೆಸರು ಹಾಕಿ. ಓದು ಬರಹ ಬಾರದ ಸದಸ್ಯರಿಗೆ ನಮ್ಮ ಕಾಲೇಜು ಹುಡುಗರು ಪತ್ರ ಬರೆದುಕೊಡಲಿ.

ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರೂ ಎಂಬುದು ಸಹಕಾರದ ತತ್ವ. ಅದು ಹಾಲಿಗೆ ಮಾತ್ರ ಸೀಮಿತವಾಗದಿರಲಿ ಎಂದು ಹಾರೈಸುತ್ತೇನೆ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.